ಕಿನ್ನಿಗೆ ಹಣ್ಣು ಕೊಟ್ಟವರು

ಕೊಕ್ಕಡ
೧೯ ಜನವರಿ ೨೦೨೫, ಆದಿತ್ಯವಾರ

ವಿಸ್ಮಿತಾಳ ಅಪ್ಪನಿಗೆ ಶಶಿಪ್ರಭಾ ಮಾಡುವ ನಮಸ್ಕಾರಗಳು.

ನಿಮ್ಮ ಶುಗರ್ ಈಗ ಹೇಗುಂಟು? ಎಡಗಾಲಿನ ಹಿಮ್ಮಡಿ ನೋವು ಕಡಿಮೆಯಾಯಿತೇ? ಹೋಟೆಲಿನ ಅಡುಗೆಮನೆಯಲ್ಲಿ ಹತ್ತು ಗಂಟೆ ನಿಲ್ಲುವವರು ಆ ತೆಳು ಚಪ್ಪಲಿ ಹಾಕಬಾರದೆಂದು ಎಷ್ಟು ಸಲ ಹೇಳಿದ್ದೇನೆ. ಕುವೈಟಿನಲ್ಲಿ ಈ ತಿಂಗಳು ಚಳಿ ಜೋರೆಂದು ನಿಮ್ಮ ಕೋಣೆಯ ರಮೀಝ್ ಹೇಳಿದ. ಕಳೆದ ಸಲ ಕೊಟ್ಟ ಕಂಬಳಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ, ಅದನ್ನು ನೋಡಲಿಕ್ಕೆಂದು ಕೊಟ್ಟದ್ದಲ್ಲ. ನಾನು ಸೌಖ್ಯ. ವಿಸ್ಮಿತಾ ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಸೌಖ್ಯ, ಮಾರ್ಚ್‌ನಲ್ಲಿ ಎರಡನೇ ಪಿಯುಸಿ ಪರೀಕ್ಷೆ, ಕಣ್ಣಿನ ಕೆಳಗೆ ಸ್ವಲ್ಪ ಕಪ್ಪಾಗಿದೆ. ನನ್ನ ಅಂಗನವಾಡಿಯಲ್ಲಿ ಈಗ ಹದಿನೆಂಟು ಮಕ್ಕಳು. ತೂಕದಲ್ಲಿ ಹಿಂದೆ ಬಿದ್ದು ಹಳದಿ ಗೆರೆಯಲ್ಲಿದ್ದ ಇಬ್ಬರು ಈ ತಿಂಗಳು ಹಸಿರಿಗೆ ಬಂದರು. ಸಹಾಯಕಿ ಜಲಜಾಕ್ಷಿ ಮತ್ತು ನಾನು ಆ ಸಂತೋಷಕ್ಕೆ ಒಂದು ಪ್ಲೇಟ್ ಗೋಳಿಬಜೆ ತರಿಸಿ ತಿಂದೆವು.

ಫೋನು ಇರುವಾಗ ಕಾಗದ ಯಾಕೆ ಎಂದು ನಿಮಗೆ ಅನ್ನಿಸುತ್ತಿರಬಹುದು. ಫೋನಿನಲ್ಲಿ ನಾನು ಸ್ವಲ್ಪ ಸ್ವರ ಏರಿಸಿದರೆ ಸಾಕು, ನಿಮ್ಮ ಕಡೆ ಸಿಗ್ನಲ್ ಹೋಗುತ್ತದೆ. ಹದಿನೆಂಟು ವರ್ಷದಿಂದ ನೋಡುತ್ತಿದ್ದೇನೆ, ಎಷ್ಟು ಬುದ್ಧಿವಂತ ಸಿಗ್ನಲ್ ಅದು. ಕಾಗದ ನಡುವೆ ಕಟ್ ಆಗುವುದಿಲ್ಲ. ಹಾಗಾಗಿ ಕೂತುಕೊಂಡು, ನೀರು ಕುಡಿದು, ಪೂರ್ತಿ ಓದಿ.

ವಿಷಯ ಆ ಮೊಬೈಲ್ ಆಟದ್ದು. ನಗಬೇಡಿ. ಒಂದೂವರೆ ವರ್ಷದ ಹಿಂದೆ ಹಾಸ್ಟೆಲಿಗೆ ಹೋಗುವಾಗ ವಿಸ್ಮಿತಾ ತನ್ನ ಆಟವನ್ನು ನನ್ನ ಫೋನಿಗೆ ಹಾಕಿ, "ಅಮ್ಮ, ಇವುಗಳನ್ನು ಉಪವಾಸ ಹಾಕಬೇಡ" ಎಂದು ಇಪ್ಪತ್ತೆರಡು ವಿಚಿತ್ರ ಪ್ರಾಣಿಗಳನ್ನು ನನ್ನ ಮಡಿಲಿಗೆ ಹಾಕಿದಳು. ನೀವು ಆಗ ರಜೆಯಲ್ಲಿದ್ದಿರಿ. ಅವಳನ್ನು ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಬರುವಾಗ, ವೇಣೂರು ದಾಟಿದ ಮೇಲೆ, ನಾನು ಕಿಟಕಿಗೆ ಮುಖ ಮಾಡಿ ಅಳುತ್ತಿದ್ದೆ. ಆಗ ಫೋನಿನಲ್ಲಿ ಒಂದು ಮೊಟ್ಟೆ ಒಡೆಯಿತು. ಒಂದೇ ಕಿವಿಯ, ಕಪ್ಪೆಯ ಹಾಗಿನ, ಹೆಜ್ಜೆಗೊಂದು ಸಲ ಕೆಮ್ಮುವ ಮರಿ. "ನೋಡು, ಎರಡನೇ ಹೆರಿಗೆ ಆಯ್ತು" ಎಂದು ನೀವು ಹೇಳಿದಿರಿ, ಅಳುತ್ತಿದ್ದವಳು ನಕ್ಕೆ. ನಮ್ಮ ತುಳುವಿನಲ್ಲಿ ಮರಿಗೆ ಹೇಳುವ ಹಾಗೆ ಕಿನ್ನಿ ಎಂದೇ ಹೆಸರಿಟ್ಟೆವು. ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ನೀವೇ ಒಂದು ಏರ್ಪಾಡು ಮಾಡಿದಿರಿ. ಒಂದೇ ಆಟ, ಎರಡು ಫೋನು. ಪ್ರಾಣಿಗಳಿಗೆ ಬಲ ಕೊಡುವ ಹಣ್ಣು ದಿನಕ್ಕೆ ಆರು ಸಿಗುತ್ತದೆ. ಬೆಳಿಗ್ಗೆಯ ಮೂರು ನಿನ್ನದು, ಮಧ್ಯಾಹ್ನದ ಮೂರು ನನ್ನದು, ಎಲ್ಲಿದ್ದರೂ ದಿನಕ್ಕೊಂದು ಸಲ ಒಂದೇ ಮನೆಯಲ್ಲಿದ್ದ ಹಾಗೆ ಆಗುತ್ತದೆ. ಈ ಕೊನೆಯ ಮಾತು ನಿಮ್ಮದೇ. ನಾನು ಸೇರಿಸಿದ್ದಲ್ಲ.

ಆಮೇಲೆ ಜಗಳ ಸುರುವಾಯಿತಲ್ಲ, ಹಣ್ಣು ಯಾರಿಗೆ ಎಂದು. ನಾನು ನನಗೆ ಗೊತ್ತಿರುವ ಕೆಲಸವನ್ನೇ ಮಾಡಿದೆ. ಹಳೆಯ ತೂಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಇಪ್ಪತ್ತಮೂರು ಪ್ರಾಣಿಗಳ ಹೆಸರು ಬರೆದು, ಯಾವುದು ಹಸಿರು, ಯಾವುದು ಹಳದಿ, ಯಾವುದು ಕೆಂಪು ಎಂದು ಗುರುತು ಹಾಕಿ, ಕೆಂಪಿನಲ್ಲಿದ್ದವಕ್ಕೆ ಮೊದಲು ಕೊಟ್ಟೆ. ಅಂಗನವಾಡಿಯಲ್ಲಿ ಹೆಚ್ಚಿನ ಮೊಟ್ಟೆ ಸೊರಗಿದ ಮಗುವಿಗೆ ತಾನೇ, ಓಡಿ ಫಸ್ಟ್ ಬರುವ ಮಗುವಿಗೆ ಅಲ್ಲವಲ್ಲ. ನೀವು ಫೋನಿನಲ್ಲಿ ತಲೆ ಚಚ್ಚಿಕೊಂಡಿರಿ. "ಕಂಬಳಕ್ಕೆ ಇಳಿಸುವ ಕೋಣಕ್ಕೆ ಹುರುಳಿ ಬೇಯಿಸಿ ಹಾಕ್ತಾರೆ ಮಾರಾಯ್ತಿ, ಹಟ್ಟಿಯಲ್ಲಿರುವ ಎಲ್ಲದಕ್ಕೂ ಹಾಕ್ತಾರಾ?" ಎಂದು ಕೇಳಿ, ನಿಮ್ಮ ಮೂರು ಹಣ್ಣನ್ನೂ ಆಟದಲ್ಲಿ ಎಲ್ಲಕ್ಕಿಂತ ಬಲದ ಆ ಬೆಂಕಿ ಕೊಂಬಿನ ಕೋಣನಿಗೇ ತಿನ್ನಿಸಿದಿರಿ. ಪ್ರತಿ ಶುಕ್ರವಾರದ ಕಾಳಗದಲ್ಲಿ ನಾವು ಸೋಲುತ್ತಿದ್ದೆವು, ಯಾಕೆಂದರೆ ಕೋಣ ಅರ್ಧ ಹೊಟ್ಟೆ, ನನ್ನ ರೋಗಿಗಳು ಅರ್ಧ ಹೊಟ್ಟೆ. ಆಟದ ಲೆಕ್ಕದಲ್ಲಿ ನೀವೇ ಸರಿ, ಅದನ್ನು ಈಗ ಒಪ್ಪುತ್ತೇನೆ. ಆದರೆ ದಿನಾ ಸಂಜೆ ಕೆಲಸ ಮುಗಿಸಿ ಬಂದು ಕೋಣನಿಗೆ ಮೂರು ಹಣ್ಣು ಬಿದ್ದದ್ದು ನೋಡುವಾಗ ಕೋಪದ ಜೊತೆ ಒಂದು ಧೈರ್ಯವೂ ಬರುತ್ತಿತ್ತು. ಇವರು ಊಟ ಮಾಡಿದ್ದಾರೆ, ಮಂಚದಲ್ಲಿ ಅಡ್ಡವಾಗಿದ್ದಾರೆ, ಫೋನು ಕೈಯಲ್ಲುಂಟು ಎಂದು ತಿಳಿಯುತ್ತಿತ್ತು.

ಕಳೆದ ಆಟಿ ತಿಂಗಳಲ್ಲಿ, ಜುಲೈ ಕೊನೆಗೆ, ಒಂದು ಸಂಜೆ ನೋಡಿದರೆ ಕೋಣನಿಗೆ ಏನೂ ಇಲ್ಲ, ಮೂರು ಹಣ್ಣೂ ಕಿನ್ನಿಗೆ. ಬೆರಳು ತಪ್ಪಿ ಬಿದ್ದಿರಬಹುದು ಎಂದುಕೊಂಡೆ. ಮರುದಿನವೂ ಕಿನ್ನಿಗೆ. ವಾರ ಪೂರ್ತಿ ಕಿನ್ನಿಗೆ, ಇಲ್ಲದಿದ್ದರೆ ನನ್ನ ಪಟ್ಟಿಯ ಇನ್ನೊಂದು ಕೆಂಪಿಗೆ. ಮಕ್ಕಳು ಒಳ್ಳೆಯ ಕೆಲಸ ಮಾಡಿದರೆ ಹೆಸರಿನ ಮುಂದೆ ನಾನೊಂದು ನಕ್ಷತ್ರ ಹಾಕುವುದು ನಿಮಗೆ ಗೊತ್ತಲ್ಲ. ಆ ಪುಸ್ತಕದಲ್ಲಿ ನಿಮ್ಮ ಹೆಸರು ಬರೆದು ಅದರ ಮುಂದೆ ದಿನಕ್ಕೊಂದು ನಕ್ಷತ್ರ ಹಾಕತೊಡಗಿದೆ. ಜಲಜಾಕ್ಷಿ ನೋಡಿ, "ಏನು ಟೀಚರ್, ಯಜಮಾನರನ್ನು ಅಂಗನವಾಡಿಗೆ ಸೇರಿಸಿದ್ರಾ?" ಎಂದು ಒಂದು ತಿಂಗಳು ತಮಾಷೆ ಮಾಡಿದಳು. ಮಾಡಲಿ ಎಂದು ಬಿಟ್ಟೆ, ಅಷ್ಟು ಸಂತೋಷ ಇತ್ತು. ಒಮ್ಮೆ ಫೋನಿನಲ್ಲಿ ನಿಮ್ಮನ್ನು ಕೇಳಿಯೂ ಕೇಳಿದೆ, ಕಿನ್ನಿಗೆ ಕೊಡುವುದು ನೀವೇನಾ ಎಂದು. "ಮತ್ತೆ ಯಾರು ಕೊಡ್ತಾರೆ? ನಿನ್ನ ಹಟ ನನಗೂ ಹಿಡಿದಿದೆ" ಎಂದಿರಿ. ಆ ರಾತ್ರಿ ನಾನು ಎಷ್ಟು ಚೆನ್ನಾಗಿ ನಿದ್ರೆ ಮಾಡಿದೆ ಎಂಬುದು ನಿಮಗೆ ಗೊತ್ತಿಲ್ಲ.

ನವೆಂಬರಿನಲ್ಲಿ ನೀವು ಕುವೈಟಿನಲ್ಲೇ ಇನ್ನೆರಡು ವರ್ಷ ನಿಲ್ಲುವ ಮಾತು ತೆಗೆದಿರಿ. ಹೋಗುವಾಗ ಹೇಳಿದ್ದು ಬೇರೆ ಇತ್ತು. ವಿಸ್ಮಿತಾಳ ಪಿಯುಸಿ ಮುಗಿಯುವ ಹೊತ್ತಿಗೆ ಬರುತ್ತೇನೆ, ಗುರುವಾಯನಕೆರೆಯಲ್ಲಿ ಸಣ್ಣ ಹೋಟೆಲು ಮಾಡುವ, ಮತ್ತೆ ಎಲ್ಲಿಗೂ ಇಲ್ಲ ಎಂದಿದ್ದಿರಿ. ಹಿಂದಿನ ಶಶಿಪ್ರಭಾ ಆಗಿದ್ದರೆ ಅವತ್ತೇ ಫೋನು ಇಟ್ಟುಬಿಡುತ್ತಿದ್ದಳು. ಆದರೆ ನಾನು ಯೋಚನೆ ಮಾಡಿದೆ. ಸೊರಗಿದ ಒಂದು ಕಪ್ಪೆಮರಿಗೆ ನನ್ನ ಮಾತು ನಡೆಸಲಿಕ್ಕೆ ದಿನಾ ಹಣ್ಣು ಕೊಡುವ ಮನುಷ್ಯ ನಮ್ಮನ್ನು ಮರೆಯುವವನಲ್ಲ, ಎರಡು ವರ್ಷ ಹೇಗಾದರೂ ಕಳೆಯುತ್ತದೆ ಎಂದು ಸರಿ ಅಂದೆ. ನೀವು ಕೂಡಾ ಆಶ್ಚರ್ಯಪಟ್ಟಿರಿ, ಇಷ್ಟು ಬೇಗ ಒಪ್ಪಿದೆಯಾ ಎಂದು.

ಕಳೆದ ಆದಿತ್ಯವಾರ ರಮೀಝ್ ಬಂದ. ತಂಗಿಯ ಮದುವೆಗೆ ಹತ್ತು ದಿನದ ರಜೆಯಲ್ಲಿ ಬಂದವನು ಕನ್ಯಾನದಿಂದ ಇಲ್ಲಿಯವರೆಗೆ ಬೈಕಿನಲ್ಲಿ ಬಂದು, ನೀವು ಕೊಟ್ಟ ಬಾದಾಮಿ, ಹಾಲಿನ ಪುಡಿ, ತಲೆನೋವಿನ ಎಣ್ಣೆ ಎಲ್ಲ ಜಾಗ್ರತೆಯಲ್ಲಿ ತಲುಪಿಸಿದ. ನಿಮ್ಮ ಕೋಣೆಯಲ್ಲಿ ನಿಮ್ಮ ಮೇಲಿನ ಮಂಚದವನು ಎಂದು ಹೇಳುತ್ತಿದ್ದಿರಲ್ಲ, ಮಾತು ಕಡಿಮೆ, ಒಳ್ಳೆಯ ಜನ. ನೀರುದೋಸೆ ಹಾಕಿ ಕೊಟ್ಟೆ. ತಿನ್ನುವಾಗ ಜಗಲಿಯಲ್ಲಿದ್ದ ನನ್ನ ಫೋನಿನಿಂದ ಕಿನ್ನಿಯ ಕೆಮ್ಮು ಕೇಳಿತು. ಅವನ ಮುಖ ಅರಳಿತು. "ಕಿನ್ನಿ ಹನ್ನೊಂದನೇ ಮೆಟ್ಟಿಲು ಹತ್ತಿತಾ ಅಕ್ಕ? ಮೊನ್ನೆ ಏರ್‌ಪೋರ್ಟಿನಲ್ಲಿ ಕೂತು ಮೂರು ಹಣ್ಣು ಕೊಟ್ಟಿದ್ದೆ" ಎಂದ. ನನ್ನ ಕೈಯಲ್ಲಿ ಚಟ್ನಿಯ ಸೌಟು ಇತ್ತು. ನೀನಾ ಕೊಟ್ಟದ್ದು ಎಂದು ಕೇಳಿದೆ. "ಅಣ್ಣ ಆಟಿಯಲ್ಲೇ ಬಿಟ್ಟಿದ್ದಾರಲ್ಲ, ಅವರಿಗೆ ಬೇಜಾರು ಬಂತಂತೆ. ನೀನು ದಿನಾ ಮೂರು ಹಣ್ಣು ಹಾಕಿಬಿಡು ಅಂತ ಆಟವನ್ನು ನನ್ನ ಫೋನಿಗೆ ಹಾಕಿ ಕೊಟ್ರು. ನಿಮಗೆ ಗೊತ್ತುಂಟು ಅಂತ ಎಣಿಸಿದ್ದೆ" ಎಂದ. ಕೋಣನನ್ನು ಬಿಟ್ಟು ಕಿನ್ನಿಗೆ ಯಾಕೆ ಕೊಟ್ಟೆ ಎಂದೆ. ಅವನ ಮಗಳು ಹುಟ್ಟುವಾಗ ಒಂದೂಮುಕ್ಕಾಲು ಕಿಲೋ ಇದ್ದಳಂತೆ, ಅವನು ಆಗ ಕುವೈಟಿನಲ್ಲಿದ್ದನಂತೆ, ಅವಳನ್ನು ಮೊದಲು ಎತ್ತಿಕೊಂಡದ್ದು ಒಂದು ವರ್ಷ ಆದ ಮೇಲಂತೆ. "ಅದು ಕೆಮ್ಮುವಾಗ ಕೋಣಕ್ಕೆ ಕೊಡಲಿಕ್ಕೆ ಮನಸ್ಸು ಬರುವುದಿಲ್ಲ ಅಕ್ಕ." ಅಷ್ಟು ಹೇಳಿ ನನ್ನ ಮುಖ ನೋಡಿದವನು ದೋಸೆಯನ್ನು ಅರ್ಧದಲ್ಲಿ ಬಿಟ್ಟ. ನಾನೇ ಒತ್ತಾಯ ಮಾಡಿ ಮತ್ತೆರಡು ಬಡಿಸಿದೆ. ಅವನ ಮೇಲೆ ಕೋಪ ಮಾಡಬೇಡಿ, ಅವನು ಏನೂ ತಪ್ಪು ಮಾಡಲಿಲ್ಲ.

ಅವನು ಹೋದ ಮೇಲೆ ಪುಸ್ತಕ ತೆಗೆದು ನೋಡಿದೆ. ನೂರ ಅರವತ್ತಮೂರು ನಕ್ಷತ್ರ. ಒಂದೊಂದನ್ನೂ ನಾನು ನಿಮ್ಮನ್ನು ನೆನೆಸಿ ಹಾಕಿದ್ದು. ಅಷ್ಟು ದಿನವೂ ನಾನು ಮಾತಾಡುತ್ತಿದ್ದದ್ದು ಯಾರೋ ಒಬ್ಬ ಪಾಪದ ಮನುಷ್ಯನ ಜೊತೆ, ಅವನಿಗೂ ಅದು ಗೊತ್ತಿಲ್ಲ. ಈ ವಯಸ್ಸಿನಲ್ಲಿ ಇಂಥ ಮಂಗ ಆಗಬೇಕೇ ನಾನು? ಆಟ ಬಿಟ್ಟಿರೆಂದು ನನಗೆ ಸಿಟ್ಟಿಲ್ಲ. ಬೆಂಕಿಯ ಮುಂದೆ ನಿಂತು ಬಂದವರಿಗೆ ಆಟ ಬೇಡವಾಗುವುದು ಸಹಜ. ಬೇಜಾರಾಯಿತು, ಬಿಟ್ಟೆ ಎಂದು ಒಂದು ಮಾತು ಹೇಳಿದ್ದರೆ ನಾನೂ ಆರು ಹಣ್ಣು ಒಬ್ಬಳೇ ಹಂಚಿಕೊಂಡು ಸುಮ್ಮನಿರುತ್ತಿದ್ದೆ. ನಿಮ್ಮ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿ, ಕೇಳಿದಾಗ ನಾನೇ ಎಂದಿರಲ್ಲ, ಅದನ್ನು ನುಂಗಲಿಕ್ಕೆ ಆಗುತ್ತಿಲ್ಲ. ನನಗೆ ಮೋಸವಾಗಿದೆ. ಬೇರೆ ಮೆತ್ತಗಿನ ಪದ ಹುಡುಕಿದೆ, ಸಿಗಲಿಲ್ಲ. ನನ್ನ ತಪ್ಪೂ ಉಂಟು. ಗಂಡನ ಮನಸ್ಸನ್ನು ಗಂಡನಲ್ಲಿ ಕೇಳುವುದು ಬಿಟ್ಟು ಕಪ್ಪೆಮರಿಯ ಹೊಟ್ಟೆಯಲ್ಲಿ ಹುಡುಕಿದವಳು ನಾನು.

ವಿಸ್ಮಿತಾಳಿಗೆ ಇದನ್ನು ಹೇಳಿಲ್ಲ. ಪರೀಕ್ಷೆ ಮುಗಿಯಲಿ. ಕಿನ್ನಿಗೆ ಈಗ ನಾನೇ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದೇನೆ, ನಿನ್ನೆಯಿಂದ ಕೆಮ್ಮು ಕಡಿಮೆಯಾಗಿದೆ. ಕೋಣನಿಗೂ ಒಂದು ಕೊಟ್ಟೆ, ಅದೇನು ಮಾಡಿತು ಪಾಪ. ನಿಮಗೆ ಹಿಮ್ಮಡಿಗೆ ಹಚ್ಚಲು ಎಣ್ಣೆ ಕಾಯಿಸಿ ಸಣ್ಣ ಬಾಟಲಿಯಲ್ಲಿ ಹಾಕಿ ಕಳಿಸಿದ್ದೇನೆ. ಸಿಟ್ಟು ಬೇರೆ, ಹಿಮ್ಮಡಿ ಬೇರೆ. ಹೊತ್ತಿಗೆ ಉಣ್ಣಿ, ಮಾತ್ರೆ ಬಿಡಬೇಡಿ, ನಮ್ಮ ಮನೆಯ ದೈವ ದೇವರು ನಿಮ್ಮ ಬೆನ್ನಿಗಿರಲಿ.

ಹೀಗೆ ಬರೆದು ಕೈ ನೋವಾದ,
ಶಶಿಪ್ರಭಾ

ಕವರು ಅಂಟಿಸುವ ಮೊದಲು ಇದೊಂದು: ಜನವರಿ ಮೂವತ್ತೊಂದಕ್ಕೆ ಎರಡು ವರ್ಷದ ಕಾಗದಕ್ಕೆ ಸಹಿ ಹಾಕಬೇಕು ಎಂದಿದ್ದಿರಿ. ಹಾಕಬೇಡಿ. ಅವತ್ತು ನಾನು ಸರಿ ಎಂದದ್ದು ಕಿನ್ನಿಗೆ ಹಣ್ಣು ಕೊಟ್ಟವರಿಗೆ, ಅದು ನೀವಲ್ಲ. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಸಹಿ ಹಾಕುವುದೇ ಆದರೆ ಮೊದಲು ಬಂದು ನನ್ನ ಎದುರು ನಿಂತು ಕೇಳಿ. ಬುಧವಾರ ಹೊರಡುವ ರಮೀಝನ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ. ತಂದುಕೊಡುವಷ್ಟು ಕೆಲಸ ಅವನದ್ದು. ಓದುವುದನ್ನಾದರೂ ನೀವೇ ಮಾಡಿ.