ಬೇಟಿಗೆ ಬಂದ ಬುತ್ತಿ

ನಿಂಗನಗುಡ್ಡ ಕಿರುಮೃಗಾಲಯ,
ಕುಷ್ಟಗಿ ತಾಲೂಕು
೨೪ ಜನವರಿ ೨೦೨೬, ಶನಿವಾರ

ಪ್ರಿಯ ರೌಫಭಾಯ್,

ನಿನಗೊಂದು ಸಲಾಂ, ಮೆಹಬೂಬಬೀ ಭಾಭಿಗೆ ಎರಡು. ನಿವೃತ್ತನಾದ ನಿನ್ನನ್ನು ದಿನವಿಡೀ ಮನೆಯಲ್ಲಿ ಸಹಿಸಿಕೊಳ್ಳುವವರು ಅವರು, ಹಾಗಾಗಿ ಲೆಕ್ಕ ಸರಿಯಾಗಿದೆ. ಗಂಗಾವತಿಯ ಅನ್ನ ಉಂಡು ನಿನಗೆ ಹೊಟ್ಟೆ ಬಂದಿದೆಯಂತೆ. ಬರಲಿ ಬಿಡು. ಮೂವತ್ತು ವರ್ಷ ಪ್ರಾಣಿಗಳ ಹೊಟ್ಟೆ ನೋಡಿಕೊಂಡವನು, ಇನ್ನು ನಿನ್ನದನ್ನು ನೋಡಿಕೋ.

ನಿನ್ನ ಎರಡೂ ಪತ್ರ ಮುಟ್ಟಿವೆ. ಎರಡರಲ್ಲೂ ಒಂದೇ ಪ್ರಶ್ನೆ: ‘ಬೇಟಿ ಹಡದಳೇನು?’ ಕೆಲಸ ಬಹಳ ಇತ್ತು, ಅದಕ್ಕೇ ಉತ್ತರ ತಡವಾಯಿತು ಎಂದು ಬರೆದರೆ ನೀನು ನಗುತ್ತೀ. ನಮ್ಮ ಇಲಾಖೆಯಲ್ಲಿ ಎಷ್ಟು ಕೆಲಸ ಇರುತ್ತದೆ ಎಂದು ನಿನಗೆ ನಾನು ಹೇಳಬೇಕೆ? ಫೋನು ಮಾಡೋಣವೆಂದರೆ ನಿನಗೆ ಫೋನಿನಲ್ಲಿ ಕಿವಿ ಕೇಳಿಸುವುದಿಲ್ಲ. ಈ ಮಾತನ್ನು ಕೂಗಿ ಹೇಳಲು ನನ್ನಿಂದಾಗುವುದಿಲ್ಲ.

ಬೇಟಿ ಇಲ್ಲ, ರೌಫಭಾಯ್. ಡಿಸೆಂಬರ್ ಮೂವತ್ತು, ಮಂಗಳವಾರ ಬೆಳಿಗ್ಗೆ ಏಳಕ್ಕೆ ಹೋದಳು. ಹೊಟ್ಟೆಯೊಳಗಿನ ಮರಿಯೂ ಹೋಯಿತು.

ನೀರು ಕುಡಿದು ಮುಂದೆ ಓದು.

ಕುಕನೂರಿನ ಕಡಲೆ ಹೊಲದಲ್ಲಿ ಸಿಕ್ಕಿದ್ದ ಆ ಚಿಗರಿ ಮರಿಯನ್ನು ನೀನು ತೊಡೆಯ ಮೇಲೆ ಮಲಗಿಸಿಕೊಂಡು, ಸೀಸೆಯಲ್ಲಿ ಹಾಲು ಕುಡಿಸಿ ಬದುಕಿಸಿದ್ದು ನನ್ನ ಕಣ್ಣ ಮುಂದಿದೆ. ರಿಜಿಸ್ಟರಿನಲ್ಲಿ ಆಕೆ ‘ಕೃಷ್ಣಮೃಗ, ಹೆಣ್ಣು, ಹದಿನಾಲ್ಕು’. ನಿನ್ನ ಬಾಯಲ್ಲಿ ಬೇಟಿ, ಮಗಳು. ಆಮೇಲೆ ಎಲ್ಲರ ಬಾಯಲ್ಲೂ ಬೇಟಿ. ಅದಕ್ಕೇ ಈ ಸುದ್ದಿಯನ್ನು ಮೊದಲು ನಿನಗೆ ತಿಳಿಸಬೇಕಿತ್ತು. ಕಡೆಗೆ ತಿಳಿಸುತ್ತಿದ್ದೇನೆ.

ಇನ್ನೊಂದು ಸುದ್ದಿ. ಗೇಟಿನ ಪಕ್ಕೀರವ್ವನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಹದಿನಾರು ವರ್ಷ ಆ ಗೇಟಿನಲ್ಲಿ ಕೂತವಳು. ಮಂಗಳವಾರ, ಅಂದರೆ ಇಪ್ಪತ್ತೇಳಕ್ಕೆ, ವಿಚಾರಣೆ. ಅಂದು ಮೃಗಾಲಯಕ್ಕೆ ರಜೆ, ಸಾಹೇಬರಿಗೆ ಪುರುಸೊತ್ತು. ಅವತ್ತು ಆಕೆಯ ತಪ್ಪೆಂದು ಬರೆದುಬಿಟ್ಟರೆ ಮತ್ತೆ ಒಳಗೆ ಬರುವಂತಿಲ್ಲ. ಅಲ್ಲಿ ಏನಾಗುತ್ತದೋ ಎಂದು ಊಟ ಸೇರುತ್ತಿಲ್ಲ ನನಗೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ನನ್ನ ಕೆಲಸ ನಿನಗೆ ಗೊತ್ತು. ಸಗಣಿ ಬಳಿಯಲು ಸೇರಿದವನು ನಾನು, ಬಾಯಿಯ ಬಲದಿಂದ ‘ಶಿಕ್ಷಣ ಸಹಾಯಕ’ ಆದವನು. ಹನ್ನೊಂದು ವರ್ಷಗಳಲ್ಲಿ ನಲವತ್ತೊಂದು ಸಾವಿರದ ಇನ್ನೂರ ಎಂಟು ಮಕ್ಕಳಿಗೆ ಪಾಠ ಹೇಳಿದ್ದೇನೆ, ನನ್ನ ನೋಟ್‌ಬುಕ್ಕಿನಲ್ಲಿದೆ. ಅವರಲ್ಲಿ ಎಷ್ಟು ಜನ ಕೇಳಿಸಿಕೊಂಡರು ಎಂಬುದಕ್ಕೆ ಮಾತ್ರ ಲೆಕ್ಕ ಇಟ್ಟಿಲ್ಲ. ಕುರುಕಲು ತಿಂಡಿಯ ಚೀಲವನ್ನು ಮಂಗನ ಕೈಗೆ ಕೊಟ್ಟು ನಂತರ ನನ್ನ ಕಡೆ ನೋಡುವ ಮಕ್ಕಳಿಗೆ ಏನು ಲೆಕ್ಕ?

ಹೋದ ನವೆಂಬರಿನಲ್ಲಿ ಬೇವೂರಿನ ಕಡೆಯ ಒಂದು ಸಾಲಿಯ ಮಕ್ಕಳು ಬಂದರು. ಚಿಗರಿಗಳ ಬೇಲಿಯ ಹತ್ತಿರ ಬಂದದ್ದೇ ಒಬ್ಬ ಹುಡುಗಿ ಅಂದಳು: “ನಮ್ಮಪ್ಪ ಇವನ್ನ ಕಂಡ್ರ ಕಲ್ಲ ಒಗಿತಾನ್ರಿ. ನಮ್ಮ ಹೆಸರಕಾಳಿನ ಹೊಲ ಎಲ್ಲಾ ಮೇದಾವ್ರಿ.” ಎಲ್ಲ ಮಕ್ಕಳೂ ಹೌದ್ರಿ ಹೌದ್ರಿ ಅಂದವು. ಆ ಸಿಟ್ಟಿಗೆ ಅರ್ಥವಿದೆ, ಮೇದದ್ದು ಸುಳ್ಳಲ್ಲ. ಸಂರಕ್ಷಣೆ, ಸಮತೋಲನ ಎಂಬ ಇಲಾಖೆಯ ಮಾತು ಅಲ್ಲಿ ನಡೆಯುವುದಿಲ್ಲ. ನಾನು ಬೇಟಿಯನ್ನು ತೋರಿಸಿದೆ. “ಇಕಿ ನಿಮ್ಮ ಕಡಿ ಹೊಲದಾಗ ಹುಟ್ಟಿದ ಹುಡುಗಿ. ತಾಯಿ ಇಲ್ಲ. ಈಗ ಬಸುರಿ ಅದಾಳ. ತವರಮನಿಯವ್ರು ಬಸುರಿ ಮಗಳಿಗೆ ಕಲ್ಲ ಒಗಿತಾರೇನ?” ಅಂದೆ.

ಮಕ್ಕಳೆಲ್ಲ ಬೇಲಿಗೆ ಮುಖ ಒತ್ತಿ ಆಕೆಯ ಹೊಟ್ಟೆಯನ್ನೇ ನೋಡತೊಡಗಿದವು. ಹನ್ನೊಂದು ವರ್ಷದಲ್ಲಿ ನನ್ನ ಪಾಠಕ್ಕೆ ಅಂಥ ಗಮನ ಸಿಕ್ಕಿರಲಿಲ್ಲ. ಅಂದು ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚು ತಿಂದೆ.

ಡಿಸೆಂಬರ್ ಇಪ್ಪತ್ತೆಂಟು, ಭಾನುವಾರ. ಹನ್ನೊಂದರ ಹೊತ್ತಿಗೆ ಗೇಟಿನ ಮುಂದೆ ಒಂದು ಟಂಟಂ ಆಟೋ ನಿಂತಿತು. ಇಳಿದವರು ಆರು ಜನ ಹೆಣ್ಣುಮಕ್ಕಳು. ಮುಂದೆ ಕರಿಯವ್ವ, ಆ ಹುಡುಗಿಯ ಅಜ್ಜಿ. ತಲೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಮೊಮ್ಮಗಳು ಮನೆಗೆ ಹೋಗಿ ನನ್ನ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸಿದ್ದಾಳೆ. ಬಸುರಿ ಮಗಳು, ತಾಯಿ ಇಲ್ಲ ಅಂದಮೇಲೆ ಊರ ಹೆಂಗಸರು ಸುಮ್ಮನಿರುತ್ತಾರೆಯೇ? ಬಯಕೆ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಹೋಳಿಗೆ, ಸಜ್ಜಿ ಕಡಬು, ಕರಿಗಡಬು, ಮೊಸರು ಕಲಸಿದ ಅನ್ನ. ಮೇಲೆ ಒಂದು ಹಸಿರು ಖಣ ಬೇರೆ. ಚಿಗರಿಗೆ ಕುಬಸ ಯಾರು ಹೊಲಿಯುತ್ತಾರೋ, ನಾನು ಕೇಳಲಿಲ್ಲ.

ಬುಟ್ಟಿ ಗೇಟು ದಾಟಿ ಒಳಗೆ ಬಂತು. ಹನ್ನೊಂದೂವರೆಗೆ ನಾನು ಇನ್ನೊಂದು ತಂಡಕ್ಕೆ ಮೊಸಳೆ ತೋರಿಸಲು ಹೋದೆ. ಮಧ್ಯಾಹ್ನ ಅವರು ತಿರುಗಿ ಹೊರಟಾಗ ಕರಿಯವ್ವ ನನಗೆ ಕೈಮುಗಿದು ಹೇಳಿದ್ದು: “ಹೊಟ್ಟಿತುಂಬ ಉಂಡಳ್ರಿ ಯಪ್ಪಾ. ಬ್ಯಾಡ ಅನ್ನಲಿಲ್ಲ. ನಮ್ಮ ಹೊಲದ್ದ ಕೂಸಲ್ರಿ, ನಮ್ಮ ಕೈಯಾಗಿನ ರುಚಿ ಗೊತ್ತಾತ ಅಕಿಗೆ.”

ಸೋಮವಾರ ಬೆಳಿಗ್ಗೆ ಬೇಟಿ ಮಲಗಿದ್ದಳು. ಹೊಟ್ಟೆ ಉಬ್ಬಿತ್ತು, ಹಲ್ಲು ಕಡಿಯುತ್ತಿದ್ದಳು, ಬಾಯಲ್ಲಿ ಜೊಲ್ಲು. ನಾನು ಡಾಕ್ಟರ್ ಸುರೇಖಾ ಅವರಿಗೆ ಫೋನು ಮಾಡಿದೆ. ಅವರು ಮೂರು ತಾಲೂಕು ನೋಡುವವರು, ನಮ್ಮಲ್ಲಿಗೆ ಬರುವ ದಿನ ಬುಧವಾರ. ಪ್ರಾಣಿಗಳು ಬುಧವಾರವೇ ಕಾಯಿಲೆ ಬೀಳಬೇಕೆಂದು ಸರಕಾರದ ಆಸೆ.

ಅವರು ಬರುವಷ್ಟರಲ್ಲಿ ನಮ್ಮ ಗೋವಿಂದರಾಜ ಸಾಹೇಬರು ಬಂದು ಜೊಲ್ಲು ನೋಡಿದರು. “ಕಾಲುಬಾಯಿ ಬ್ಯಾನಿ! ಗೇಟ್ ಹಾಕ್ರಿ!” ಎಂದು ಕೂಗಿದರು. ಸುಣ್ಣ ಚೆಲ್ಲಿಸಿದರು. ಬೇಲಿಯ ಆಚೆ ಕುರಿ ಕಾಯುತ್ತಿದ್ದ ಯಮನೂರನನ್ನು ಕರೆಸಿ, ನಿನ್ನ ಕುರಿಗಳಿಂದಲೇ ರೋಗ ಬಂತು ಎಂದು ಬೈದರು. ಯಮನೂರ ಹೆದರಲಿಲ್ಲ. “ನನ್ನ ಕುರಿಗೆಲ್ಲಾ ಚುಚ್ಚುಮದ್ದ ಹಾಕ್ಸೇನ್ರಿ ಸಾಹೇಬ್ರ, ಕಾರ್ಡ್ ಕಿಸೇದಾಗ ಐತಿ. ನಿಮ್ಮ ಚಿಗರಿದ ಕಾರ್ಡ್ ತೋರಸ್ರಿ ನೋಡೋಣು” ಅಂದ. ಸಾಹೇಬರು ಕಚೇರಿಗೆ ಹೋದರು. ಕಾರ್ಡು ತರಲು ಹೋಗಿರಬೇಕು, ಇನ್ನೂ ತಂದಿಲ್ಲ.

ಡಾಕ್ಟರಮ್ಮ ಮೂರು ಗಂಟೆಗೆ ಬಂದರು. ಬಾಯಿ ತೆರೆದು ನೋಡಿದರು, ಗೊರಸು ನೋಡಿದರು, ಒಂದು ಹುಣ್ಣಿಲ್ಲ. ಸೋಡಾ ಕಲಸಿದ ನೀರು ಹೊಟ್ಟೆಗೆ ಇಳಿಸಿದರು, ರಕ್ತನಾಳಕ್ಕೆ ಬಾಟಲಿ ಕಟ್ಟಿದರು. ಸಂಜೆಯವರೆಗೆ ಆಕೆಯ ಪಕ್ಕದಲ್ಲೇ ಮಂಡಿಯೂರಿ ಕೂತಿದ್ದರು. ಮರುದಿನ ಬೇಟಿ ಸತ್ತ ಮೇಲೆ ಕೊಯ್ದು ನೋಡಿ ನನ್ನನ್ನು ಕರೆದರು. ಒಳಗೆ ಹುಳಿ ಹಿಡಿದ ಗಂಜಿಯಂಥದ್ದು, ಅದರಲ್ಲಿ ಕರಗದ ಹೋಳಿಗೆಯ ಚೂರು.

“ಇದು ಬ್ಯಾನಿ ಅಲ್ಲ ಓಬಳೆಪ್ಪಾರ, ಊಟ” ಅಂದರು. “ಹುಲ್ಲ ತಿನ್ನೋ ಹೊಟ್ಟಿಗೆ ಇಷ್ಟು ಹಿಟ್ಟು ಬೆಲ್ಲ ಒಮ್ಮೆಲೇ ಬಿದ್ರ ಒಳಗ ಹುಳಿ ಆಗತೈತಿ. ಆ ಹುಳಿ ರಕ್ತಕ್ಕ ಏರತೈತಿ. ಭಾನುವಾರ ಮಧ್ಯಾಹ್ನನ ಯಾರರ ಹೇಳಿದ್ರ ಉಳಿಸಬಹುದಿತ್ತು.”

ಅಲ್ಲಿಂದ ಶುರುವಾಯಿತು, ಯಾರು ಹೊಣೆ ಎಂಬುದು. ಸಾಹೇಬರು ಎಲ್ಲರಿಂದ ಹೇಳಿಕೆ ಬರೆಸಿಕೊಂಡರು. ಚೀಲ ನೋಡುವುದು ಗೇಟಿನವರ ಕೆಲಸ, ಗೇಟಿನಲ್ಲಿದ್ದವಳು ಪಕ್ಕೀರವ್ವ, ಎರಡು ಸಾಲಿನಲ್ಲಿ ಮುಗಿಯಿತು. ‘ಪ್ರಾಣಿಗಳಿಗೆ ಖಾದ್ಯ ಪದಾರ್ಥಗಳನ್ನು ನೀಡುವುದನ್ನು ನಿಷೇಧಿಸಲಾಗಿದೆ’ ಎಂಬ ನಮ್ಮ ಫಲಕವನ್ನು ಓದಬಲ್ಲವರು ಆ ಆರು ಜನರಲ್ಲಿ ಒಬ್ಬರೂ ಇರಲಿಲ್ಲ ಅಂದೆ. ಅದಕ್ಕೆ ಸಾಹೇಬರು ಕಂಡುಕೊಂಡ ಪರಿಹಾರ: ಇನ್ನೂ ಹನ್ನೆರಡು ಫಲಕ. ಕಾಯಂ ಡಾಕ್ಟರು ಬೇಕು ಅಂದೆ. ಬರೆದುಕೊಡಿ ಅಂದರು. ಬರೆದುಕೊಟ್ಟೆ. ಅದು ನನ್ನ ಏಳನೆಯ ಅರ್ಜಿ. ಮೊದಲಿನ ಆರು ಎಲ್ಲಿವೆ ಎಂದು ಕೇಳಿದರೆ ಅದನ್ನೂ ಬರೆದುಕೊಡಿ ಎನ್ನುತ್ತಾರೆ.

ಎಲ್ಲಕ್ಕಿಂತ ಕೆಟ್ಟದ್ದು ಜನವರಿ ಎಂಟರಂದು ಆದದ್ದು. ಕರಿಯವ್ವ ಮತ್ತೆ ಬಂದಳು, ಒಬ್ಬಳೇ. ಗೇಟಿನ ಕಂಬಿ ಹಿಡಿದು ನನ್ನನ್ನು ಕೂಗಿದಳು. “ಯಪ್ಪಾ, ಹಡದಳೇನ್ರಿ? ಹೆಣ್ಣೋ ಗಂಡೋ?” ಸೆರಗಿನಲ್ಲಿ ಅಂಟಿನುಂಡಿ ಕಟ್ಟಿಕೊಂಡು ಬಂದಿದ್ದಳು, ಬಾಣಂತಿಗೆ.

ರೌಫಭಾಯ್, ಪಾಠ ಹೇಳಬೇಕಾದ ಹೊತ್ತು ಎಂಬುದು ಒಂದಿದ್ದರೆ ಅದು ಅದೇ. ಕೂಡಿಸಿ, ನೀರು ಕೊಟ್ಟು, ಹೊಟ್ಟೆಯ ವಿಷಯ ಹೇಳಬೇಕಿತ್ತು. ಆಕೆ ಅತ್ತರೂ ಸರಿ, ಊರಿಗೆ ಹೋಗಿ ಹತ್ತು ಜನಕ್ಕೆ ಹೇಳುತ್ತಿದ್ದಳು. ನನ್ನ ಹನ್ನೊಂದು ವರ್ಷದ ಭಾಷಣಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ: “ಇನ್ನೂ ಇಲ್ಲವ್ವಾ. ಈಗ ಯಾರನ್ನೂ ಒಳಗ ಬಿಡಂಗಿಲ್ಲ.” ಉಂಡಿಗಳನ್ನು ನನ್ನ ಕೈಗೇ ಹಾಕಿ, “ನೀವ ತಿನ್ನಸ್ರಿ, ನಿಮ್ಮ ಮಾತ ಕೇಳತಾಳ ಅಕಿ” ಎಂದು ಹೋದಳು. ಎಂಟು ಉಂಡಿ. ಹಿಂದಿನ ತಿಪ್ಪೆಯಲ್ಲಿ ಹೂತೆ.

ಹೀಗಿದೆ ನೋಡು ನಮ್ಮ ಶಿಕ್ಷಣ. ಕಲ್ಲು ಒಗೆಯುವವರಿಗೆ ಪ್ರೀತಿ ಕಲಿಸಿದೆ. ಪ್ರೀತಿಸುವವರಿಗೆ ದೂರ ನಿಲ್ಲುವುದನ್ನು ಕಲಿಸಲಿಲ್ಲ.

ನಿನ್ನಿಂದ ಆಗಬೇಕಾದದ್ದೇನೂ ಇಲ್ಲ. ವಿಚಾರಣೆಗೆ ಬರುತ್ತೇನೆಂದು ಹೊರಡಬೇಡ, ಬಸ್ಸಿನಲ್ಲಿ ನಿನಗೆ ಬೆನ್ನು ಹಿಡಿಯುತ್ತದೆ. ಬೇಟಿಯನ್ನು ಗುಡ್ಡದ ಕೆಳಗೆ ನಿಯಮದಂತೆ ಸುಟ್ಟೆವು, ಡಾಕ್ಟರಮ್ಮನೂ ಇದ್ದರು. ಮೊಮ್ಮಗ ವಾಹೀದನ ಪರೀಕ್ಷೆ ಸುಸೂತ್ರವಾಗಲಿ, ಅವನು ನಿನ್ನ ಹಾಗೆ ಕೈಗುಣದವನಾಗಲಿ, ನನ್ನ ಹಾಗೆ ಬಾಯಿಯವನಾಗದಿರಲಿ. ಭಾಭಿಯ ಮಂಡಿನೋವು ಇಳಿಯಲಿ. ನಿಮ್ಮ ಮನೆಯಲ್ಲಿ ಎಲ್ಲರೂ ತಣ್ಣಗಿರಿ.

ನಿನ್ನ
ಓಬಳೆಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ ಮೇಲೆ ಹರಿದು ತೆಗೆದೆ. ಪತ್ರವನ್ನು ಮತ್ತೆ ಓದಿದೆ. ‘ಬುಟ್ಟಿ ಗೇಟು ದಾಟಿ ಒಳಗೆ ಬಂತು’ ಎಂದು ಬರೆದಿದ್ದೇನೆ, ಬುಟ್ಟಿಗೆ ಕಾಲಿದ್ದಂತೆ. ಪಕ್ಕೀರವ್ವ ಬುಟ್ಟಿಯನ್ನು ತಡೆದಿದ್ದಳು. ಅವರನ್ನು ಹೊರಗೆ ನಿಲ್ಲಿಸಿ ನನ್ನ ಹತ್ತಿರ ಬಂದು ಕೇಳಿದಳು: “ಬಿಡ್ಲ್ಯೋ ಬ್ಯಾಡೋ ಅಣ್ಣಾರ?” ನಾನು ಬುಟ್ಟಿಯನ್ನು ನೋಡಲಿಲ್ಲ, ಆ ಆರು ಮುಖ ನೋಡಿದೆ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಮಾತು ಕೇಳಿ ಯಾರೋ ಊರಿನಿಂದ ಎದ್ದು ಬಂದಿದ್ದರು. “ಬಿಡು, ನಾ ಅದೀನಿ” ಅಂದೆ.

ಬೇಟಿ ಹೊರಗಿನವರ ಹತ್ತಿರ ಬರುವವಳಲ್ಲ, ನಿನಗೆ ಗೊತ್ತು. ಅವರು ಎಷ್ಟು ಕರೆದರೂ ಮರದ ಕೆಳಗಿಂದ ಕದಲಲಿಲ್ಲ. ಹೆಂಗಸರ ಮುಖ ಬಾಡಿತು. ಆಗ ನಾನೇ ಕರೆದೆ. ಬಂದಳು. ಒಂದೇ ತುತ್ತು ಎಂದುಕೊಂಡು ಹೋಳಿಗೆಯ ಚೂರನ್ನು ನನ್ನ ಕೈಯಾರೆ ಕೊಟ್ಟೆ. “ಇನ್ನ ಸಾಕವ್ವಾ, ನೋಡ್ರಿ ಅಷ್ಟ” ಎಂದು ಹೇಳಿ ಮೊಸಳೆಯ ಕಡೆ ಹೋದೆ. ತುತ್ತು ಕೊಟ್ಟವನೇ ಸಾಕು ಅಂದರೆ ಯಾರು ಕೇಳುತ್ತಾರೆ? ತಿರುಗಿ ಬಂದಾಗ ಬರಿದಾದ ಬುಟ್ಟಿ ಕಣ್ಣಾರೆ ಕಂಡೆ. ಏನಾಗಬಹುದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಡಾಕ್ಟರಮ್ಮನಿಗೆ ಭಾನುವಾರ ಫೋನು ಮಾಡಲಿಲ್ಲ. ಮಾಡಿದ್ದರೆ ಯಾರು ಕೊಟ್ಟರು ಎಂದು ಕೇಳುತ್ತಿದ್ದರು.

ಹೇಳಿಕೆ ಬರೆಯುವಾಗ ‘ಗೇಟಿನಲ್ಲಿ ಪರಿಶೀಲಿಸಬೇಕಿತ್ತು’ ಎಂದು ನಾನೂ ಬರೆದೆ, ಸಹಿ ಹಾಕಿದೆ. ಪಕ್ಕೀರವ್ವನನ್ನು ಸಾಹೇಬರು ಕೇಳಿದರು. ಆಕೆ ನನ್ನ ಹೆಸರೆತ್ತದೆ, “ನಾ ನೋಡಲಿಲ್ಲರಿ, ಒಳಗ ಹೋಗ್ಯಾರ” ಅಂದಳು. ಹೊರಗೆ ಬಂದಾಗ ಯಾಕೆ ಹಾಗಂದೆ ಎಂದು ಕೇಳಿದೆ. “ಗೇಟಿಗೆ ಇನ್ನೊಬ್ಬಾಕಿ ಸಿಗತಾಳ ಅಣ್ಣಾರ. ನೀವು ಹೋದ್ರ ಆ ಹುಡುಗರಿಗೆ ಯಾರ ಹೇಳತಾರ?” ಅಂದಳು. ಚುಚ್ಚಿ ಆಡಿದ ಮಾತಲ್ಲ, ನಿಜವಾಗಿ ಅಂದಳು.

ಇವತ್ತು ಶನಿವಾರ. ಮಂಗಳವಾರ ಹತ್ತಕ್ಕೆ ಇದನ್ನೆಲ್ಲ ಸಾಹೇಬರ ಮುಂದೆ, ಆಕೆಯ ಮುಂದೆ ಹೇಳಬೇಕು. ಆಮೇಲೆ ಕರಿಯವ್ವನ ಊರಿಗೆ ಹೋಗಿ ಅಲ್ಲಿಯೂ ಹೇಳಬೇಕು. ಮೊದಲು ನಿನಗೆ ಬರೆದು ನೋಡಿದೆ. ಬರೆಯಲು ಬಂತು.