ಒಂದೇ ವಾರದಲ್ಲಿ ನೀವು ಕಳಿಸಿದ ಎರಡು ಪತ್ರಗಳು

ಮಾನ್ಯ ಸಚಿವರೇ,

ಹನ್ನೊಂದನೇ ತಾರೀಖು ಮಂಗಳವಾರ ನಿಮ್ಮ ಇಲಾಖೆಯಿಂದ ಹನಾದಿ ಎಂಬ ಹುಡುಗಿಗೆ ಒಂದು ಪತ್ರ ಬಂತು. ನಮ್ಮ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದಿಂದ ಮಾಡುತ್ತಿರುವ ಸಂಶೋಧನೆಯನ್ನು ಅವಳು ಇನ್ನು ಮುಂದುವರಿಸುವಂತಿಲ್ಲ, ಪ್ರಯೋಗಾಲಯದ ಹೊಸ್ತಿಲು ತುಳಿಯುವಂತಿಲ್ಲ, ಇಪ್ಪತ್ತೆಂಟನೇ ತಾರೀಖಿನೊಳಗೆ ದೇಶ ಬಿಡಬೇಕು. ಇಲ್ಲಿ ಕಲಿತ ವಿದ್ಯೆ ಅವಳ ದೇಶದ ಸೈನ್ಯದ ಕೈಗೆ ಸಿಗುವ ಅಪಾಯವಿದೆಯಂತೆ. ಹದಿಮೂರನೇ ತಾರೀಖು ಗುರುವಾರ ಅದೇ ಇಲಾಖೆಯಿಂದ, ಅದೇ ಕಟ್ಟಡದಿಂದ ಇನ್ನೊಂದು ಪತ್ರ ಬಂತು. ಹನಾದಿ ಯಾವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದಳೋ ಅಂಥದ್ದೇ ನೂರೆಂಬತ್ತು ಯಂತ್ರಗಳನ್ನು ಅವಳ ದೇಶದ ಸೈನ್ಯಕ್ಕೇ ಮಾರಲು ಒಂದು ಕಂಪನಿಗೆ ನೀವು ಪರವಾನಗಿ ಕೊಟ್ಟಿದ್ದೀರಿ. ಎರಡೂ ಪತ್ರದ ನೆತ್ತಿಯ ಮೇಲೆ ಬ್ರಿಟನ್ನಿನ ರಾಜಲಾಂಛನದ ಅದೇ ಸಿಂಹ, ಅದೇ ಒಂಟಿಕೊಂಬಿನ ಕುದುರೆ. ಎರಡನ್ನೂ ನನ್ನ ಕೆಲಸದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಮೂರು ಸಲ ಓದಿದೆ.

ನಾನು ಪ್ರೊಫೆಸರಲ್ಲ, ಪತ್ರಕರ್ತೆಯಲ್ಲ, ನಿಮ್ಮ ವಿರೋಧ ಪಕ್ಷದವಳೂ ಅಲ್ಲ. ಯಾರ್ಕ್‌ಶೈರಿನ ಒಂದು ವಿಶ್ವವಿದ್ಯಾಲಯದ ನೆಲಮಾಳಿಗೆಯ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷದಿಂದ ಕೆಲಸ ಮಾಡುವ ತಂತ್ರಜ್ಞೆ. ಮೇಲಿನ ಮಹಡಿಯವರು ಕಾಗದದ ಮೇಲೆ ಗೀಚಿದ್ದನ್ನು ಕೆಳಗೆ ಲೋಹದಲ್ಲಿ ಮಾಡಿಕೊಡುವವಳು. ನಮ್ಮಲ್ಲಿ ತಯಾರಾದ ಯಾವ ಯಂತ್ರವೂ ಅದನ್ನು ಹದಗೊಳಿಸಿದವರು ಪ್ರಮಾಣಪತ್ರಕ್ಕೆ ಕೈಯಾರೆ ಸಹಿ ಹಾಕದೆ ಬಾಗಿಲು ದಾಟುವುದಿಲ್ಲ. ನಿಮ್ಮ ಪರವಾನಗಿಯ ಪ್ರತಿ ನನ್ನ ಮೇಜಿಗೆ ಬಂದದ್ದು ಆ ಕಾರಣಕ್ಕೆ, ಕದ್ದು ನೋಡಿದ್ದಲ್ಲ.

ಅದು ಯಾವ ಯಂತ್ರವೆಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ಹೇಳಿದ್ದರೂ ನೀವು ಕಿವಿಗೆ ಹಾಕಿಕೊಂಡಿರಲಿಕ್ಕಿಲ್ಲ. ಅದು ತೊಟ್ಟಿಲು, ಸ್ವಾಮಿ. ತಿಂಗಳು ತುಂಬದೆ ಹುಟ್ಟಿದ ಕೂಸನ್ನು ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸುವಾಗ ರಸ್ತೆಯ ಕುಲುಕಾಟಕ್ಕೆ ಅದರ ಮಿದುಳಿನ ಎಳೆ ರಕ್ತನಾಳ ಒಡೆಯಬಹುದು. ಆ ಕುಲುಕನ್ನೆಲ್ಲ ತಾನು ನುಂಗಿಕೊಂಡು ಕೂಸನ್ನು ಅಲುಗದಂತೆ ಹಿಡಿಯುವ ಪೀಠವೊಂದನ್ನು ಮಾಡಲೆಂದು ಜನರ ತೆರಿಗೆಯಿಂದ ಅನುದಾನ ಬಂತು. ಹನಾದಿ ಅದಕ್ಕೆಂದೇ ಬಂದಳು. ಅವಳ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವಳ ತಾಯಿ ಇನ್ನೂ ಅಲ್ಲೇ ಇದ್ದಾರೆ. ಅವಳ ಅಕ್ಕನಿಗೆ ಏಳನೇ ತಿಂಗಳಲ್ಲಿ ಹುಟ್ಟಿದ ಮಗು ಪಿಕಪ್ ಗಾಡಿಯ ಹಿಂಭಾಗದಲ್ಲಿ, ಆಸ್ಪತ್ರೆ ಇನ್ನೂ ಅರ್ಧ ದಾರಿ ಇರುವಾಗಲೇ ತೀರಿಕೊಂಡಿತ್ತು. ಇದನ್ನು ಅವಳು ನನಗೆ ಹೇಳಿದ್ದು ಎರಡನೇ ವರ್ಷದಲ್ಲಿ, ಸ್ಪ್ರಿಂಗು ಬಿಗಿಮಾಡುತ್ತ, ತಲೆ ಎತ್ತದೆ.

ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪರೀಕ್ಷೆ ಇದೆ. ಮಗ್ಗಿನ ಕಂಠದವರೆಗೆ ಚಹಾ ತುಂಬಿ, ಪೀಠದ ಮೇಲಿಟ್ಟು, ವ್ಯಾನಿಗೆ ಹೇರಿಕೊಂಡು ಹಳೇ ಉಣ್ಣೆ ಗಿರಣಿಯ ಹಿಂದಿನ ಕಲ್ಲುಹಾಸಿನ ಬೀದಿಯ ಏರು ಹತ್ತುವುದು. ಚಹಾ ತುಳುಕಿದರೆ ಯಂತ್ರ ಫೇಲು. ಹತ್ತೊಂಬತ್ತು ಸಲ ತುಳುಕಿತು. ಇಪ್ಪತ್ತನೇ ಸಲ ವ್ಯಾನಿನ ಹಿಂದಿನಿಂದ ಹನಾದಿ ಕೂಗಿಕೊಂಡಳು.

“ಗ್ಲಿನಿಸ್, ನಿಲ್ಸಿ ನಿಲ್ಸಿ! ಒಂದು ಹನಿ ಬಿದ್ದಿಲ್ಲ ಕಣ್ರೀ!”

“ಹಂಗಾದ್ರೆ ಕುಡಿಯೇ, ಆರೋಗುತ್ತೆ,” ಅಂದೆ.

ಅವಳು ಅಳುತ್ತ ಕುಡಿದಳು. ನಾನೂ ಸ್ಟಿಯರಿಂಗಿಗೆ ಹಣೆ ಆನಿಸಿ ಅತ್ತೆ, ಯಾಕೆ ಸುಳ್ಳು ಹೇಳಲಿ. ಆಮೇಲೆ ನಮ್ಮೂರಿನ ಆಸ್ಪತ್ರೆಯವರು ಆ ಒಂದೇ ತೊಟ್ಟಿಲಿನಲ್ಲಿ ಮೂರು ವಾರ ಒಂಬತ್ತು ಕೂಸುಗಳನ್ನು ಸಾಗಿಸಿದರು. ಒಂಬತ್ತೂ ಬದುಕಿವೆ.

ಅಷ್ಟರಲ್ಲಿ ವಕ್ಕರಿಸಿತು ನೋಡಿ ನಿಮ್ಮ ಉದ್ಯಮ ಬೆಂಬಲ ಯೋಜನೆ. ನಮ್ಮ ಪಕ್ಕದ ಖಾಲಿ ಶೆಡ್ಡಿಗೆ ಸರ್ಕಾರದ ನೆರವಿನಿಂದ ಒಂದು ಕಂಪನಿ ಬಂತು. ಉದ್ಘಾಟನೆಗೆ ನೀವೇ ಬಂದಿರಿ. ತಲೆಯ ಮೇಲೆ ಬೀಳಬಹುದಾದದ್ದು ಚಾವಣಿಯ ಸುಣ್ಣ ಬಿಟ್ಟರೆ ಬೇರೇನೂ ಇಲ್ಲದ ಆ ಶೆಡ್ಡಿನಲ್ಲಿ ಹೆಲ್ಮೆಟ್ಟು ಹಾಕಿಕೊಂಡು, ಹಳದಿ ಅಂಗಿ ತೊಟ್ಟು, ತೊಟ್ಟಿಲಿನ ಪಕ್ಕ ನಿಂತು ಫೋಟೋ ಹೊಡೆಸಿಕೊಂಡಿರಿ. ಸಂಶೋಧನೆಗೆ ಅನುದಾನ ಕೊಡುವವರೂ ನೀವೇ, ಕಂಪನಿಯ ಬೆನ್ನು ತಟ್ಟುವವರೂ ನೀವೇ, ಕಂಪನಿ ಕಂಡಕಂಡವರಿಗೆ ಮಾರದಂತೆ ಕಾವಲು ಕಾಯಬೇಕಾದವರೂ ನೀವೇ. ಇಂಥ ಕಾವಲಿನಿಂದ ಯಾರನ್ನು ಕಾಯುತ್ತಿದ್ದೀರಿ? ಅಂದು ನನಗೆ ಈ ಪ್ರಶ್ನೆ ಹೊಳೆಯಲಿಲ್ಲ, ನಾನು ನಿಮಗೆ ಕುರ್ಚಿ ತಂದು ಹಾಕುತ್ತಿದ್ದೆ.

ನನ್ನ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮ ಹಾಗೆ ಮುಚ್ಚಿಡುವ ವಿದ್ಯೆ ನನಗೆ ಬರುವುದಿಲ್ಲ. ಕಂಪನಿಯ ಎಂಜಿನಿಯರು ಟೋಬಿ ಎಂಬಾತ ಒಂದು ದಿನ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಕೆಳಗಿಳಿದು ಬಂದ.

“ಗ್ಲಿನಿಸ್, ಸುಮ್ನೆ ಕುತೂಹಲಕ್ಕೆ ಕೇಳ್ತೀನಿ. ಇದು ಇನ್ನೂ ಜೋರು ಹೊಡೆತ ತಡ್ಕೊಳ್ಳುತ್ತಾ? ಒಂದು ಒಂಬತ್ತು ಪಟ್ಟು?”

“ಒಂಬತ್ತೇನು, ಹನ್ನೆರಡು ಕೇಳಪ್ಪ,” ಅಂದೆ ನಾನು.

ಅಂದು ಸುಮ್ಮನಾದೆನೇ? ಊಟದ ಬಿಡುವಿನಲ್ಲಿ ಪೀಠದ ಕೆಳಗಿನಿಂದ ದೊಡ್ಡ ಸುತ್ತಿಗೆಯಲ್ಲಿ ಹೊಡೆದು ತೋರಿಸಿದೆ. ಮೇಲಿಟ್ಟ ಚಹಾ ಕದಲಲಿಲ್ಲ. ಟೋಬಿ ಬಾಯಿ ತೆರೆದುಕೊಂಡು ನಿಂತ, ನಾನು ಉಬ್ಬಿಹೋದೆ. ಯಾವ ಆಂಬುಲೆನ್ಸು ಒಂಬತ್ತು ಪಟ್ಟು ಕುಲುಕುತ್ತದೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು, ಅದರಲ್ಲೂ ಬಿಸ್ಕತ್ತು ತಂದವರನ್ನು, ‘ಯಾಕೆ’ ಎಂದು ಕೇಳುವುದು ಒರಟುತನ. ಜೊತೆಗೆ ನನ್ನ ಕೈಕೆಲಸವನ್ನು ಯಾರಾದರೂ ಹೊಗಳಿ ಎಷ್ಟು ವರ್ಷವಾಗಿತ್ತೋ. ಒಂಬತ್ತು ಪಟ್ಟು ಹೊಡೆತ ಫಿರಂಗಿಯದು. ಗುಂಡು ಹಾರಿದ ಮೇಲೂ ಗುರಿ ನೋಡುವ ಕ್ಯಾಮೆರಾ ಅಲುಗದಂತೆ ಹಿಡಿಯಲು ಅವರಿಗೆ ನಮ್ಮ ತೊಟ್ಟಿಲು ಬೇಕಿತ್ತು. ಇದು ನನಗೆ ಗೊತ್ತಾದದ್ದು ನಿಮ್ಮ ಪರವಾನಗಿ ಓದಿದ ಮೇಲೆ.

ಕಂಪನಿ ಕಾಲಿಟ್ಟ ಮೇಲೆ ‘ಶಿಶು ಸಾಗಣೆ ಪೀಠ’ ಎಂಬ ಯೋಜನೆಯ ಹೆಸರು ‘ಬಹೂಪಯೋಗಿ ಸ್ಥಿರ ವೇದಿಕೆ’ ಎಂದಾಯಿತು. ಆಸ್ಪತ್ರೆಯಲ್ಲಿದ್ದ ಒಂದೇ ತೊಟ್ಟಿಲನ್ನು ಹಕ್ಕು ತಮ್ಮದೆಂದು ಅವರು ವಾಪಸು ತರಿಸಿ ಬೀರುವಿಗೆ ಹಾಕಿ ಬೀಗ ಜಡಿದರು. ಹೆಸರು ಬದಲಾದರೆ ಹೊರದೇಶದ ವಿದ್ಯಾರ್ಥಿ ನಿಮ್ಮಿಂದ ಹೊಸದಾಗಿ ಅನುಮತಿ ಪಡೆಯಬೇಕೆಂಬುದು ನಿಯಮ. ಹೆಸರು ಬದಲಿಸಿದವಳು ಅವಳಲ್ಲ, ಆದರೂ ಅರ್ಜಿ ಹಾಕಬೇಕಾದವಳು ಅವಳೇ. ಹಾಕಿದಳು. ತೊಟ್ಟಿಲು ಮಾಡುವಾಗ ನಾಲ್ಕು ವರ್ಷ ಯಾವ ಅಪಾಯವೂ ಕಾಣದ ಹುಡುಗಿ, ನೀವು ಆ ತೊಟ್ಟಿಲನ್ನು ಫಿರಂಗಿಗೆ ಕಟ್ಟಿದ ಕೂಡಲೇ ಅಪಾಯಕಾರಿಯಾಗಿಬಿಟ್ಟಳು! ಈ ವಿದ್ಯೆಯನ್ನು ಅವಳು ತಲೆಯಲ್ಲಿಟ್ಟುಕೊಂಡು ಹೋದರೆ ದೇಶದ ಭದ್ರತೆಗೆ ಧಕ್ಕೆ, ಕಂಪನಿ ಪೆಟ್ಟಿಗೆಯಲ್ಲಿಟ್ಟು ಕಳಿಸಿದರೆ ದೇಶದ ಪ್ರಗತಿ. ಇಷ್ಟು ಬುದ್ಧಿ ಖರ್ಚು ಮಾಡಲು ನಿಮ್ಮಲ್ಲಿ ಎಷ್ಟು ಜನ ಅಧಿಕಾರಿಗಳಿದ್ದಾರೆ?

ಮಂಗಳವಾರದ ಪತ್ರವನ್ನು ಹನಾದಿ ನನ್ನ ಕೈಗೆ ಕೊಟ್ಟದ್ದು ಕ್ಯಾಂಟೀನಿನಲ್ಲಿ. ವರ್ಕ್‌ಶಾಪಿಗೆ ಅವಳು ಬರುವಂತಿಲ್ಲವಲ್ಲ.

“ನೋಡಿ ಗ್ಲಿನಿಸ್, ನಾನು ಊರಿಗೋಗಿ ಮಿಲಿಟರಿಯೋರಿಗೆ ಹೇಳ್ಕೊಟ್‌ಬಿಡ್ತೀನಂತೆ.”

“ನಿಮ್ಮ ಮಿಲಿಟರಿಯೋರು ನಿನ್ ಮಾತು ಕೇಳ್ತಾರೇನೇ?”

“ನಮ್ಮಪ್ಪನ್ನ ಮೂರು ವರ್ಷ ಒಳಗಿಟ್ಟಿದ್ರು. ಅವರ ಮಾತನ್ನೇ ಕೇಳ್ಲಿಲ್ಲ.”

ಗುರುವಾರ ನಾನು ಎರಡನೇ ಪತ್ರ ಒಯ್ದು ಅವಳ ಮುಂದಿಟ್ಟೆ. ಓದಿದಳು. ತಟ್ಟೆಯ ಚಿಪ್ಸ್ ಪಕ್ಕಕ್ಕೆ ಸರಿಸಿದಳು. “ಅಮ್ಮನ ಊರಿಗೆ ಈ ಪೀಠ ತಲುಪಿಸ್ಬೇಕು ಅಂತ ಬಂದಿದ್ದೆ ಗ್ಲಿನಿಸ್. ತಲುಪ್ತಾ ಇದೆ, ಬಿಡಿ,” ಎಂದು ನಕ್ಕಳು. ಆ ನಗು ಕೇಳಿ ನನಗೆ ನಿಮ್ಮ ಮೇಲೆ ಬಂದ ಸಿಟ್ಟಿಗೆ ಸಭ್ಯ ಪದ ಸಿಗುತ್ತಿಲ್ಲ. ಇನ್ನು ನಾಲ್ಕು ತಿಂಗಳಿದ್ದಿದ್ದರೆ ಅವಳು ಡಾಕ್ಟರೇಟ್ ಮುಗಿಸುತ್ತಿದ್ದಳು. ಈಗ ಬರಿಗೈಯಲ್ಲಿ, ಅಪ್ಪನನ್ನು ಒಳಗೆ ಹಾಕಿದವರ ಊರಿಗೆ, ಬ್ರಿಟನ್ನಿನವರೇ ಶಂಕಿಸಿ ಅಟ್ಟಿದವಳು ಎಂಬ ಹಣೆಪಟ್ಟಿ ಹೊತ್ತು ಇಳಿಯಬೇಕು. ಅಲ್ಲಿ ಅವಳಿಗಾಗಿ ಯಾರು ಕಾಯುತ್ತಿರುತ್ತಾರೆ ಎಂಬುದನ್ನು ನಿಮ್ಮ ಯಾವ ಅಧಿಕಾರಿಯಾದರೂ ಪರಿಶೀಲಿಸಿದ್ದಾನೆಯೇ?

ಶುಕ್ರವಾರ ನಿಮ್ಮ ಇಲಾಖೆಗೆ ಫೋನು ಮಾಡಿದೆ. ನಲವತ್ತು ನಿಮಿಷ ಕಾಯಿಸಿ ಪಿಟೀಲು ಕೇಳಿಸಿದ ಮೇಲೆ ಒಬ್ಬ ತರುಣ ಸಿಕ್ಕಿದ.

“ಅನುಮತಿ ವಿಷಯ ನಮ್ದು ಮೇಡಂ. ರಫ್ತು ಬೇರೆ ವಿಭಾಗ.”

“ಎಲ್ಲಿದೆಯಪ್ಪ ಅದು?”

“ಕೆಳಗಿನ ಮಹಡಿ.”

“ಮೆಟ್ಲು ಇದೆ ತಾನೇ?”

“ಇದೆ ಮೇಡಂ... ಆದ್ರೆ ನಾವು ಮಾತಾಡೋದೆಲ್ಲ ಇಮೇಲಲ್ಲೇ.”

ಸೋಮವಾರ ಲಿಖಿತ ಉತ್ತರವೂ ಬಂತು: ‘ಪ್ರತಿಯೊಂದು ಅರ್ಜಿಯನ್ನೂ ಪ್ರತ್ಯೇಕವಾಗಿ, ಕಟ್ಟುನಿಟ್ಟಾಗಿ ಪರಿಶೀಲಿಸಲಾಗುತ್ತದೆ.’ ಪ್ರತ್ಯೇಕವಾಗಿ ಎಂಬುದರಲ್ಲಿ ಸಂಶಯವಿಲ್ಲ ಬಿಡಿ. ಒಂದು ಅರ್ಜಿ ನೋಡಿದವನಿಗೆ ಇನ್ನೊಂದು ಕಾಣದಷ್ಟು ಪ್ರತ್ಯೇಕ. ನಮ್ಮ ಕ್ಷೇತ್ರದ ಸಂಸದೆಗೆ ಬರೆದರೆ, ನಿಮ್ಮ ಪರವಾನಗಿಗಳ ಮೇಲೆ ಕಣ್ಣಿಡಬೇಕಾದ ಸಂಸತ್ತಿನ ಸಮಿತಿಗೆ ನೀವು ಅಂಕಿಅಂಶ ಕೊಡುವುದೇ ಸರಕು ಹಡಗು ಹತ್ತಿ ತಿಂಗಳುಗಳಾದ ಮೇಲೆ ಎಂದರು. ಹಾಗಾದರೆ ಅದು ಮೇಲ್ವಿಚಾರಣೆಯೋ, ಮರಣೋತ್ತರ ಪರೀಕ್ಷೆಯೋ?

ಈಗ ನೀವು ಓದದೆ ಸಹಿ ಹಾಕಿದ ಒಂದು ಪುಟದ ವಿಷಯ. ನಿಮ್ಮ ಪರವಾನಗಿಗೆ ಒಂದು ಷರತ್ತಿದೆ: ಪ್ರತಿ ಪೀಠದ ಜೊತೆಗೂ ಹದದ ಪ್ರಮಾಣಪತ್ರ ಇರಬೇಕು. ಈ ಪೀಠದ ನಾಲ್ಕು ಸ್ಪ್ರಿಂಗುಗಳನ್ನು ಹದಗೊಳಿಸುವುದು ಯಂತ್ರದಿಂದ ಆಗುವ ಕೆಲಸವಲ್ಲ, ಅವುಗಳ ಅದುರನ್ನು ಬೆರಳ ತುದಿಯಲ್ಲಿ ಗುರುತಿಸಿ ಎಳ್ಳಷ್ಟೆಳ್ಳಷ್ಟೇ ತಿರುಗಿಸಬೇಕು. ಕಂಪನಿಯ ಮೂವರು ಬಂದು ತಿಂಗಳುಗಟ್ಟಲೆ ಒದ್ದಾಡಿದರು, ಅವರ ಕೈಯಲ್ಲಿ ಚಹಾ ನೆಲದ ಪಾಲಾಯಿತು. ಆದ್ದರಿಂದ ಮೂರನೇ ಪುಟದಲ್ಲಿ, ‘ಸಹಿ ಮಾಡಲು ಅರ್ಹರು’ ಎಂಬ ಸಾಲಿನ ಕೆಳಗೆ ಎರಡೇ ಹೆಸರಿವೆ. ಮೊದಲನೆಯದು ನನ್ನದು. ಎರಡನೆಯದು ಹನಾದಿಯದು. ಮಂಗಳವಾರ ಯಾರನ್ನು ನಂಬಲು ಯೋಗ್ಯಳಲ್ಲವೆಂದು ಹೊರಗಟ್ಟಿದಿರೋ, ಗುರುವಾರ ಅವಳ ಸಹಿಯೇ ನಿಮ್ಮ ಪರವಾನಗಿಗೆ ಬೇಕು. ಎಂಥಾ ಕಟ್ಟುನಿಟ್ಟು!

ನಾನು ಸಹಿ ಮಾಡುವುದಿಲ್ಲವೆಂದು ಸೋಮವಾರವೇ ಬರೆದುಕೊಟ್ಟೆ. ನಮ್ಮ ಪ್ರೊಫೆಸರ್ ಪಿಕರಿಂಗ್ ಕೆಟ್ಟವರಲ್ಲ, ಹೆದರುಪುಕ್ಕಲರು. ಅವರು ನಿನ್ನೆ ಹನಾದಿಯನ್ನು ಫೋನಿನಲ್ಲಿ ಬೇಡಿಕೊಂಡರು. ಕಂಪನಿಯ ಹಿರಿಯರು ಅವರ ಪಕ್ಕದಲ್ಲೇ ಕುಳಿತಿದ್ದರಂತೆ. ಹನಾದಿ ನನ್ನ ಮನೆಯ ಅಡುಗೆಕೋಣೆಯಲ್ಲಿದ್ದಳು, ಅವರ ದನಿ ನನಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟಳು.

“ಹನಾದಿ, ನೀನು ಒಳಗೆ ಬರೋದೇ ಬೇಡಮ್ಮ. ನಿಯಮ ಮುರಿಯೋದು ಬೇಡ. ಪೀಠಗಳನ್ನ ಕಾರ್ ಪಾರ್ಕಿಗೇ ತಂದಿಡಿಸ್ತೀವಿ. ಡೇರೆ ಹಾಕಿಸ್ತೀವಿ, ಹೀಟರ್ ಇಡಿಸ್ತೀವಿ. ದಿನಕ್ಕೆ ನಾಲ್ಕೈದು ಹದ ಮಾಡಿ ಸಹಿ ಹಾಕ್ಕೊಟ್ರೆ ಸಾಕು. ಮೊದಲನೇ ಕಂತು ನಲವತ್ತೇ. ನಿನ್ನ ವಿಮಾನಕ್ಕೆ ಮುಂಚೆ ಮುಗಿದುಹೋಗುತ್ತೆ.”

ಹನಾದಿ ಫೋನಿನ ಕಡೆ ಬಾಗಿದಳು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದಳು: “ಪ್ರೊಫೆಸರ್, ನಾನು ಮುಟ್ಟಿದ್ರೆ ನಮ್ಮೂರಿನ ಮಿಲಿಟರಿಗೆ ಸಿಕ್‌ಬಿಡುತ್ತೆ ಅಂತ ಸರ್ಕಾರದೋರು ಹೆದರ್ಕೊಂಡಿದಾರೆ. ಪಾಪ, ಹೆದರಿಸ್ಬಾರ್ದು.”

ಫೋನಿಟ್ಟ ಮೇಲೆ ಅವಳು ಎದ್ದು ಚಹಾಕ್ಕೆ ನೀರಿಟ್ಟಳು.

ಇವತ್ತು ಹತ್ತೊಂಬತ್ತು. ನಿಮಗೆ ಒಂಬತ್ತು ದಿನ ಉಳಿದಿದೆ. ಆ ದೇಶದ ಸೈನ್ಯವನ್ನು ನಂಬುವಂತಿಲ್ಲ ಎನ್ನುವುದು ನಿಮ್ಮದೇ ಮಾತು, ಮಂಗಳವಾರದ ಪತ್ರದಲ್ಲಿ ನೀವೇ ಬರೆದದ್ದು. ನಿಮ್ಮ ಮಾತಿನ ಮೇಲೆ ನಿಂತು ಗುರುವಾರದ ಪರವಾನಗಿ ರದ್ದು ಮಾಡಿ. ಬೀರುವಿನ ಬೀಗ ತೆಗೆಸಿ ತೊಟ್ಟಿಲನ್ನು ಆಸ್ಪತ್ರೆಗೆ ಕೊಡಿಸಿ. ಅದು ಜನರ ದುಡ್ಡಿನಿಂದ ಜನರ ಕೂಸುಗಳಿಗೆಂದು ಆದದ್ದು. ಹನಾದಿಯ ಸಂಶೋಧನೆಗೆ ಅದರ ಹಳೆಯ ಹೆಸರನ್ನೂ ಅವಳಿಗೆ ಉಳಿದ ನಾಲ್ಕು ತಿಂಗಳನ್ನೂ ವಾಪಸು ಕೊಡಿ. ನೀವು ಇದ್ಯಾವುದನ್ನೂ ಮಾಡಲಾರಿರಿ ಎಂದು ನನಗೆ ಗೊತ್ತು. ಆದರೂ ಊರೆಲ್ಲ ಓದುವಂತೆ ಕೇಳುತ್ತಿದ್ದೇನೆ, ಆಮೇಲೆ ನಿಮಗೆ ಗೊತ್ತಿರಲಿಲ್ಲ ಎನ್ನುವ ಅವಕಾಶ ಇರಬಾರದು. ಪಕ್ಕದ ಶೆಡ್ಡಿನಲ್ಲಿ ನಲವತ್ತು ಪೆಟ್ಟಿಗೆ ಮುಚ್ಚಳ ತೆರೆದುಕೊಂಡು ಕೂತಿವೆ. ಈ ದೇಶದಲ್ಲಿ ಅವುಗಳಿಗೆ ಸಹಿ ಹಾಕಬಲ್ಲವರು ಇಬ್ಬರು. ಒಬ್ಬಳು ಒಲ್ಲೆ ಎನ್ನುತ್ತಿದ್ದಾಳೆ, ಇನ್ನೊಬ್ಬಳನ್ನು ನೀವೇ ವಿಮಾನ ಹತ್ತಿಸುತ್ತಿದ್ದೀರಿ.

ಇಂತಿ,
ಮೂವತ್ತೊಂದು ವರ್ಷ ಏನನ್ನೂ ಕೇಳದೆ ಸಹಿ ಹಾಕುತ್ತ ಬಂದ
ಗ್ಲಿನಿಸ್ ಹಾರ್ಸ್‌ಫಾಲ್