ದೊಡ್ಡಮ್ಮ ಜಾಗವಿಲ್ಲವೆಂದ ಮಂಗಳವಾರ

ಆಸ್ಪತ್ರೆಯ ಕಂಪ್ಯೂಟರ್ ಕೋಣೆ, ಎರಡನೇ ಮಹಡಿ
ಶನಿವಾರ, ಮಾರ್ಚ್ ೧೪

ಪ್ರೀತಿಯ ಅತ್ತೆಗೆ,

ಕಣ್ಣು ಹೇಗಿದೆ? ನೀರು ಸುರಿಯುವುದು ನಿಂತಿತೇ? ಹನಿ ಔಷಧಿ ಹೊತ್ತು ಹೊತ್ತಿಗೆ ಹಾಕಿಸಿಕೊಳ್ಳುತ್ತಿದ್ದೀರಿ ಎಂದು ನಿಮ್ಮ ಮಗಳು ಪುಟ್ಟಿ ಫೋನಿನಲ್ಲಿ ಹೇಳಿದಳು. ಅದರ ಜೊತೆಗೇ, ಡಾಕ್ಟರು ಬಗ್ಗಬೇಡಿ ಎಂದಿದ್ದರೂ ಮಂಚದ ಕೆಳಗೆ ಬಗ್ಗಿ ಚಪ್ಪಲಿ ಹುಡುಕಿದಿರಿ ಎಂದೂ ಚಾಡಿ ಹೇಳಿದಳು. ಆಪರೇಷನ್ ಆಗಿ ಇನ್ನೂ ಮೂರು ವಾರ ಅತ್ತೆ, ಚಪ್ಪಲಿ ಎಲ್ಲಿಗೂ ಓಡಿಹೋಗುವುದಿಲ್ಲ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿಮ್ಮ ಮಗ ಅಡುಗೆಮನೆಯ ನಲ್ಲಿಯನ್ನು ತಾನೇ ರಿಪೇರಿ ಮಾಡುತ್ತೇನೆಂದು ಕೂತು, ಈಗ ಬಚ್ಚಲಿನ ನಲ್ಲಿಯೂ ಸೋರುತ್ತಿದೆ. ಹೇಗೆ ಎಂದು ನನ್ನನ್ನು ಕೇಳಬೇಡಿ.

ದಿನಾ ಫೋನ್ ಮಾಡುವವಳು ಕಾಗದ ಯಾಕೆ ಬರೆದಳೆಂದು ನಿಮಗೆ ಅನ್ನಿಸುತ್ತಿರಬೇಕು. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀವು "ಸರಿ, ಲಾಗ್ ಏನು ಹೇಳ್ತು?" ಎಂದು ಕಂಪ್ಯೂಟರ್ ಬರೆದಿಡುವ ದಿನಚರಿಯನ್ನೇ ಕೇಳುತ್ತ ನಡುವೆ ಬರುತ್ತೀರಿ. ಈ ವಿಷಯವನ್ನು ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ಹೇಳಬೇಕು, ಇಲ್ಲದಿದ್ದರೆ ನನಗೆ ಧೈರ್ಯ ಸಾಲುವುದಿಲ್ಲ. ಓದಿ ಹೇಳುವವಳು ಪುಟ್ಟಿಯಾದ್ದರಿಂದ ಅವಳಿಗೂ ಅರ್ಥವಾಗುವ ಹಾಗೆ ಬರೆಯುತ್ತಿದ್ದೇನೆ. ಪುಟ್ಟಿ, ನಿಧಾನವಾಗಿ ಓದು. ನಗು ಬಂದರೆ ಕೊನೆಗೆ ನಕ್ಕುಕೋ.

ಮಂಗಳವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ರಕ್ತನಿಧಿಯ ಮೇಡಂ ಫೋನ್ ಮಾಡಿದರು. "ನಿಮ್ಮ ದೊಡ್ಡಮ್ಮ ಬಾಯೇ ಬಿಡ್ತಾ ಇಲ್ಲ ಕಣ್ರೀ, ಒಳಗೇ ಬಿಟ್ಟುಕೊಳ್ತಿಲ್ಲ." ನೀವು ಇಲ್ಲಿ ಕೆಲಸದಲ್ಲಿದ್ದಾಗ ರಕ್ತನಿಧಿಯ ಆ ಸರ್ವರಿಗೆ ದೊಡ್ಡಮ್ಮ ಎಂದು ಹೆಸರಿಟ್ಟು ಹದಿನೈದು ವರ್ಷವಾದರೂ ಆಸ್ಪತ್ರೆಯಲ್ಲಿ ಇಂದಿಗೂ ಅದೇ ಹೆಸರು. ಯಾವ ಚೀಲದಲ್ಲಿ ಯಾವ ಗುಂಪಿನ ರಕ್ತ, ಯಾವಾಗ ಪರೀಕ್ಷೆಯಾಯಿತು, ಯಾರಿಗೆ ಹೊಂದುತ್ತದೆ, ಎಲ್ಲ ಅವಳ ಹೊಟ್ಟೆಯಲ್ಲೇ ಇರುವುದು. ಮೇಡಂ ಮಾತು ಮುಗಿಸಲಿಲ್ಲ. ಹೆರಿಗೆ ವಾರ್ಡಿನಲ್ಲಿ ಒಬ್ಬ ಹೆಂಗಸಿಗೆ ಮಗುವಾಗಿ ಅರ್ಧ ಗಂಟೆಯಾಗಿದೆ, ರಕ್ತಸ್ರಾವ ನಿಲ್ಲುತ್ತಿಲ್ಲ ಎಂದರು. ಆಕೆ ಬಟ್ಟೆ ಹೊಲಿಯುವವಳು, ಇದು ಮೂರನೆಯ ಹೆರಿಗೆ. ಹಿಂದಿನ ಹೆರಿಗೆಯಲ್ಲಿ ಆಕೆಗೆ ರಕ್ತ ಹಾಕಿದ್ದರಿಂದ ಆಕೆಯ ಮೈಯಲ್ಲಿ ಬೇರೆಯವರ ರಕ್ತವನ್ನು ಒಲ್ಲೆನ್ನುವ ಏನೋ ಒಂದು ಪ್ರತಿಕಾಯ ಹುಟ್ಟಿಕೊಂಡಿದೆಯಂತೆ. ಅವಳದೇ ಗುಂಪಿನ ಎಪ್ಪತ್ತೊಂದು ಚೀಲ ಫ್ರಿಜ್ಜಿನಲ್ಲಿ ಇದ್ದರೂ ಅವಳಿಗೆ ಹೊಂದುವುದು ಐದೋ ಆರೋ. ಅವು ಯಾವುವು ಎಂಬುದು ಚೀಲದ ಮೇಲಿನ ಚೀಟಿಯಲ್ಲಿ ಇರುವುದಿಲ್ಲ, ದೊಡ್ಡಮ್ಮನ ಬಳಿ ಮಾತ್ರ ಇದೆ. ಕೈಯಲ್ಲಿ ಮತ್ತೆ ಪರೀಕ್ಷೆ ಮಾಡುತ್ತ ಕೂತರೆ ಒಂದೂವರೆ ಗಂಟೆ. ವಾರ್ಡಿನ ಡಾಕ್ಟರು ಕೇಳಿದ್ದು ನಲವತ್ತು ನಿಮಿಷದೊಳಗೆ.

ನಾನು ಮೊಳೆಗೆ ನೇತುಹಾಕಿದ್ದ ಸ್ವೆಟರನ್ನೂ ಹಾಕಿಕೊಳ್ಳದೆ ಎಸಿಯ ಚಳಿಯ ಸರ್ವರ್ ಕೋಣೆಗೆ ಓಡಿದೆ. ದೊಡ್ಡಮ್ಮನ ಎದುರಿನ ಆ ಕುಂಟು ಸ್ಟೂಲಿನ ಮೇಲೆ ಕೂತು ಲಾಗ್ ತೆರೆದರೆ, ಸಾಲು ಸಾಲಾಗಿ ಒಂದೇ ಮಾತು: ಡಿಸ್ಕಿನಲ್ಲಿ ಜಾಗವಿಲ್ಲ. ಸರಿ, ತುಂಬಿರಬೇಕೆಂದು ಜಾಗ ಎಷ್ಟಿದೆಯೆಂದು ಕೇಳಿದೆ. ನೂರಕ್ಕೆ ಮೂವತ್ತೆಂಟು ಮಾತ್ರ ತುಂಬಿದೆ ಎಂದಳು! ಮತ್ತೆ ಕೇಳಿದೆ, ಅದೇ ಉತ್ತರ. ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತು ಜಾಗವಿಲ್ಲ ಅನ್ನುವವರ ಹಾಗೆ.

ಅಷ್ಟರಲ್ಲಿ ನಮ್ಮ ವಿಭಾಗದ ಹೊಸ ಸಾಹೇಬರು ಬಂದರು. ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು, ಕೆಟ್ಟವರಲ್ಲ, ಸ್ವಲ್ಪ ಅವಸರದವರು. "ರೀಸ್ಟಾರ್ಟ್ ಮಾಡಿ, ಯೋಚ್ನೆ ಏನು ಮಾಡ್ತೀರಿ ಇದಕ್ಕೆ?" ಎಂದರು. ನಿಮ್ಮ ಮಾತು ನೆನಪಾಯಿತು: "ಆಫ್ ಮಾಡಿ ಆನ್ ಮಾಡೋದು ರಿಪೇರಿ ಅಲ್ಲ, ಹರಕೆ." ಜೊತೆಗೆ ನಾಲ್ಕು ನೂರು ದಿನಗಳಿಂದ ಆಫ್ ಆಗದ ಯಂತ್ರ ಅದು. ಏಳುವಾಗ ಡಿಸ್ಕನ್ನೆಲ್ಲ ತಡಕಾಡಿ ಪರೀಕ್ಷಿಸುತ್ತ ಕೂತರೆ ಗಂಟೆಗಟ್ಟಲೆ ಆದೀತು. "ಐದು ನಿಮಿಷ ಕೊಡಿ ಸರ್," ಎಂದೆ. "ಅಲ್ಲಿ ಒಬ್ಬಳ ಪ್ರಾಣ ಹೋಗ್ತಾ ಇದೆ, ನೀವು ಐದು ನಿಮಿಷ ಅಂತೀರಲ್ಲ," ಎಂದರು. "ಅದಕ್ಕೇ ಸರ್ ಕೇಳ್ತಿರೋದು," ಎಂದೆ. ನನ್ನ ಬಾಯಿಂದ ಅಷ್ಟು ಗಟ್ಟಿಯಾದ ದನಿ ಹೊರಟಿದ್ದು ನನಗೇ ಆಶ್ಚರ್ಯ. ಅವರು ಗೋಡೆಗೆ ಒರಗಿ ಗಡಿಯಾರ ನೋಡುತ್ತ ನಿಂತರು.

ಆಮೇಲೆ ಹೊಳೆಯಿತು. ಪುಟ್ಟಿ, ನಿನಗೆ ಹೇಳುತ್ತೇನೆ ಕೇಳು. ಡಿಸ್ಕು ಎಂದರೆ ಒಂದು ಗೋದಾಮು ಅಂದುಕೋ. ಬಾಗಿಲಲ್ಲಿ ಒಂದು ಪುಸ್ತಕ ಇರುತ್ತದೆ, ಒಳಗೆ ಹೋಗುವ ಪ್ರತಿ ಫೈಲಿಗೂ ಅದರಲ್ಲಿ ಒಂದು ಸಾಲು ಬೇಕು. ಫೈಲು ಆನೆಯಷ್ಟಿರಲಿ ಇರುವೆಯಷ್ಟಿರಲಿ, ಒಂದೇ ಸಾಲು. ಆ ಸಾಲುಗಳಿಗೆ ಐನೋಡ್ ಎಂದು ಹೆಸರು. ಪುಸ್ತಕದಲ್ಲಿ ಎಷ್ಟು ಸಾಲು ಎಂಬುದು ಡಿಸ್ಕನ್ನು ಸಿದ್ಧಮಾಡಿದ ದಿನವೇ ನಿಗದಿಯಾಗಿರುತ್ತದೆ. ಪುಸ್ತಕ ಮುಗಿದರೆ ಗೋದಾಮು ಖಾಲಿ ಹೊಡೆಯುತ್ತಿದ್ದರೂ ಒಂದು ಕಡ್ಡಿಯನ್ನೂ ಒಳಗೆ ಇಡುವ ಹಾಗಿಲ್ಲ. ಮೇಡಂ ಲಾಗಿನ್ ಆಗಲೂ ಒಂದು ಚಿಕ್ಕ ಫೈಲು ಹುಟ್ಟಬೇಕು, ಅದೂ ಹುಟ್ಟುತ್ತಿರಲಿಲ್ಲ. ಜಾಗದ ಬದಲು ಸಾಲುಗಳ ಲೆಕ್ಕ ಕೇಳಿದೆ. ನೂರಕ್ಕೆ ನೂರು.

ಎಲ್ಲಿ ತುಂಬಿದೆ ಎಂದು ಫೈಲುಗಳನ್ನು ಜೋಡಿಸಿಡುವ ಒಂದೊಂದು ಡೈರೆಕ್ಟರಿಯಲ್ಲೂ ಎಣಿಸಲು ಹಚ್ಚಿದೆ. ಬೇರೆಲ್ಲ ಪಟಪಟ ಉತ್ತರ ಕೊಟ್ಟವು, ಲೇಬಲ್ ಪ್ರಿಂಟರಿನ ಡೈರೆಕ್ಟರಿ ಮಾತ್ರ ಉಸಿರೇ ಬಿಡಲಿಲ್ಲ. ಲ್ಯಾಬಿನ ನಳಿಕೆಗಳಿಗೆ, ರಕ್ತದ ಚೀಲಗಳಿಗೆ ಅಂಟಿಸುವ ಪ್ರತಿ ಚೀಟಿಯದೂ ಒಂದು ನಕಲು ಅಲ್ಲಿ ಬೀಳುತ್ತದೆ. ಅರವತ್ತು ಲಕ್ಷಕ್ಕೂ ಹೆಚ್ಚು ಚೀಟಿ! ಅಳಿಸು ಎಂದು, ಒಂದನ್ನೂ ಬಿಡಬೇಡ ಎನ್ನುವ ನಕ್ಷತ್ರದ ಗುರುತು ಹಾಕಿ ಒತ್ತಿಯೇ ಬಿಟ್ಟೆ. ಹೌದು ಅತ್ತೆ, ನೋಡದೆ ಒತ್ತಿದೆ, ಬೈಯಿರಿ. ಪುಣ್ಯಕ್ಕೆ ಪಟ್ಟಿ ತೀರ ಉದ್ದವಾಯಿತೆಂದು ಯಂತ್ರವೇ ಒಲ್ಲೆ ಎಂದಿತು. ಆಗ ನನಗೆ ಬುದ್ಧಿ ಬಂತು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹತ್ತು ಎಣಿಸಿದೆ. ಒಂದು ಫೈಲು ತೆರೆದು ನೋಡಿದೆ, ಮೂರು ವರ್ಷದ ಹಿಂದಿನ ಯಾರದೋ ಮೂತ್ರಪರೀಕ್ಷೆಯ ಚೀಟಿ. ತಿಂಗಳಿಗಿಂತ ಹಳೆಯವನ್ನು ಮಾತ್ರ ಹುಡುಕಿಸಿ, ಮೊದಲು ಅಳಿಸದೆ ಹೆಸರು ತೋರಿಸು ಎಂದೆ. ಹೆಸರುಗಳೆಲ್ಲ ಸರಿಯಿದ್ದವು. ಆಮೇಲೆ ಅಳಿಸಲು ಬಿಟ್ಟೆ. ಕೆಲವು ಸಾವಿರ ಹೋಗುತ್ತಿದ್ದ ಹಾಗೆಯೇ ಮೇಡಂಗೆ ಫೋನ್ ಮಾಡಿ "ಈಗ ನೋಡಿ" ಎಂದೆ. ಆ ಕಡೆಯಿಂದ ಕೀಲಿಮಣೆಯ ಸದ್ದು. ಆಮೇಲೆ, "ಬಂತು. ಆರು ಚೀಲ. ಬಂತು ಕಣ್ರೀ!" ಹನ್ನೊಂದಕ್ಕೆ ಮೂರು ನಿಮಿಷ ಬಾಕಿ ಇತ್ತು. ರಕ್ತನಿಧಿಯ ಬಾಗಿಲಿಂದ ಹೆರಿಗೆ ವಾರ್ಡಿನ ಕಡೆಗೆ ಯಾರೋ ಡಬ್ಬಿ ಹಿಡಿದು ಓಡುವ ಸಪ್ಪಳ ನನಗೆ ಫೋನಿನಲ್ಲೇ ಕೇಳಿಸಿತು.

ಆ ಹೆಂಗಸು ಉಳಿದಳು. ನಾಲ್ಕು ಚೀಲ ಹೋಯಿತಂತೆ. ಗುರುವಾರ ವಾರ್ಡಿನ ಮುಂದೆ ಸುಮ್ಮನೆ ಹಾದುಹೋದೆ. ಕಿಟಕಿಯ ಪಕ್ಕದ ಮಂಚದಲ್ಲಿ ಸುಣ್ಣದಷ್ಟು ಬಿಳಿಚಿಕೊಂಡು ಕೂತು, ಮಗುವಿನ ಅಂಗಿಯ ಹೊಲಿಗೆ ಸರಿಯಿಲ್ಲವೆಂದು ಗಂಡನಿಗೆ ತೋರಿಸಿ ಬೈಯುತ್ತಿದ್ದಳು.

ಇಲ್ಲಿಯವರೆಗೆ ಬರೆಯುವುದು ಸುಲಭವಾಗಿತ್ತು. ಪುಟ್ಟಿ, ಇಲ್ಲಿ ಸ್ವಲ್ಪ ನಿಂತು ಅತ್ತೆಗೆ ನೀರು ಕೊಡು.

ಚೀಟಿಗಳು ಯಾಕೆ ಹಾಗೆ ಸೇರಿದವು ಎಂದು ಮಧ್ಯಾಹ್ನ ಹುಡುಕಿದೆ. ಚೀಟಿ ಮುದ್ರಿಸು ಎಂದು ಯಂತ್ರಕ್ಕೆ ಹೇಳುವ ಸ್ಕ್ರಿಪ್ಟ್ ನಿಮ್ಮದು, ಮೇಲುಗಡೆ ನಿಮ್ಮ ಗುರುತು ಇದೆ. ಹಳೆಯದನ್ನು ದಿನಾ ಬೆಳಗಿನ ಜಾವ ಗುಡಿಸಿಹಾಕುವ ಒಂದು ಸಾಲನ್ನೂ ನೀವು ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಕ್ರಾನ್‌ನಲ್ಲಿ ಬರೆದಿಟ್ಟಿದ್ದಿರಿ. ಆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಇತ್ತು. ಪುಟ್ಟಿ, ಹ್ಯಾಶ್ ಇದ್ದರೆ ಯಂತ್ರ ಆ ಸಾಲನ್ನು ಓದದೆ ದಾಟಿಹೋಗುತ್ತದೆ. ಪಕ್ಕದಲ್ಲಿ ಟಿಪ್ಪಣಿ: "ಹೊಸ ಪ್ರಿಂಟರ್ ಕೂರುವವರೆಗೆ ಮಾತ್ರ. ಶುಕ್ರವಾರ ತೆಗೆಯಬೇಕು." ಕೆಳಗೆ ನನ್ನ ಹೆಸರಿನ ಮೊದಲಕ್ಷರ, ಮೂರು ವರ್ಷದ ಹಿಂದಿನ ತಾರೀಖು. ನೀವು ನಿವೃತ್ತಿಯಾದ ತಿಂಗಳು ಅದು. ಎಷ್ಟು ಶುಕ್ರವಾರ ಬಂದುಹೋದವೋ.

ಮೂರು ಗಂಟೆಗೆ ಮೀಟಿಂಗ್ ಇತ್ತು. ಸಾಹೇಬರು ಸ್ಕ್ರಿಪ್ಟಿನ ಮೇಲಿದ್ದ ಗುರುತನ್ನಷ್ಟೇ ನೋಡಿದ್ದರು. "ಹಿಂದೆ ಇದ್ದವರು ಏನೇನೋ ಬರೆದಿಟ್ಟು ಮನೆಗೆ ಹೋದರು, ಈಗ ನಾವು ಅನುಭವಿಸ್ತಿದ್ದೀವಿ," ಎಂದರು. ಆ ಹಿಂದೆ ಇದ್ದವರು ನನ್ನ ಅತ್ತೆ ಎಂದು ಅವರಿಗೆ ಗೊತ್ತಿಲ್ಲ. ರಕ್ತನಿಧಿಯ ಮೇಡಂಗೆ ಗೊತ್ತು. ಅವರು ನನ್ನ ಮುಖ ನೋಡಿದರು. ನಾನು ನನ್ನ ನೋಟ್‌ಬುಕ್ಕಿನಲ್ಲಿ ಏನೋ ಬರೆಯುವವಳ ಹಾಗೆ ತಲೆ ತಗ್ಗಿಸಿದೆ. ಎಲ್ಲರೂ ನನ್ನನ್ನು ಹೊಗಳಿದರು, ಟೀ ತರಿಸಿಕೊಟ್ಟರು, ನಾನು ಅದನ್ನು ಕುಡಿದೆ. ದತ್ತಾಂಶ ನಮೂದಿಸುವ ಹುಡುಗಿಯಾಗಿ ಬಂದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಕಮಾಂಡ್ ಕಲಿಸಿ, ಆಮೇಲೆ ಸೊಸೆಯಾಗಿ ಮನೆಗೂ ಕರೆದುಕೊಂಡು ಹೋದವರು ನೀವು. ನಿಮ್ಮ ಬೆನ್ನ ಹಿಂದೆ ಅವತ್ತು ನಾನು ಟೀ ಕುಡಿದೆ. ಮನೆಗೆ ಬಂದ ಮೇಲೆ ನಿಮ್ಮ ಮಗ "ಇವತ್ತು ಹೇಗಿತ್ತು?" ಎಂದಾಗ "ಮಾಮೂಲು" ಎಂದೆ.

ಬುಧವಾರವೂ ಹಾಗೇ ಕಳೆಯಿತು. ಗುರುವಾರ ವರದಿ ಟೈಪಾಗಿ ನನ್ನ ಸಹಿಗೆ ಬಂತು. ಕಾರಣ ಎಂಬಲ್ಲಿ, ನಿವೃತ್ತ ಸಿಬ್ಬಂದಿಯ ದೋಷಪೂರಿತ ಸ್ಕ್ರಿಪ್ಟ್ ಎಂದಿತ್ತು. ಪೆನ್ನು ತೆಗೆದೆ, ಮುಚ್ಚಿದೆ. ಆ ಸಾಲನ್ನು ಟಿಪ್ಪಣಿಯ ಸಮೇತ ಮುದ್ರಿಸಿಕೊಂಡು ಸಾಹೇಬರ ಕೋಣೆಗೆ ಹೋದೆ. ಅವರ ಮೇಜಿನ ಮೇಲಿಟ್ಟು, "ಸ್ಕ್ರಿಪ್ಟ್ ಸರಿಯಾಗೇ ಇತ್ತು ಸರ್. ಗುಡಿಸೋ ಸಾಲು ನಿಲ್ಲಿಸಿದ್ದು ನಾನು, ಮರೆತಿದ್ದೂ ನಾನು," ಎಂದೆ. ಅವರು ಓದಿ, "ಮಂಗಳವಾರ ಯಾಕೆ ಹೇಳಲಿಲ್ಲ?" ಎಂದರು. "ಹೆದರಿದೆ ಸರ್," ಎಂದೆ. ಅವರು ಆ ಹಾಳೆಯನ್ನು ಮತ್ತೊಮ್ಮೆ ಓದಿದರು. ಕೆಲಸ ಹೋಯಿತು ಅಂದುಕೊಂಡೆ. ಕೊನೆಗೆ, "ರೀಸ್ಟಾರ್ಟ್ ಮಾಡಿ ಅಂದಿದ್ದು ನಾನು. ನೀವು ನನ್ನ ಮಾತು ಕೇಳಿದ್ದಿದ್ರೆ ಏನಾಗ್ತಿತ್ತು ಅಂತ ನಾನೂ ಎರಡು ದಿನದಿಂದ ಯಾರಿಗೂ ಹೇಳಿಲ್ಲ. ಎರಡನ್ನೂ ಬರೀರಿ," ಎಂದರು. ಹೊರಡುವಾಗ ಈ ಸ್ಕ್ರಿಪ್ಟ್ ಬರೆದವರು ಯಾರೆಂದು ಕೇಳಿದರು. "ನಮ್ಮತ್ತೆ," ಎಂದೆ. ಅವರ ಮುಖ ನೋಡಬೇಕಿತ್ತು ನೀವು. ಮೀಟಿಂಗಿನಲ್ಲಿ ಆಡಿದ ಮಾತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿ, "ಅವರಿಗೆ ನನ್ನ ನಮಸ್ಕಾರ ಹೇಳಿ," ಎಂದರು. ಹೇಳಿದ್ದೇನೆ.

ವರದಿಯಲ್ಲಿ ಈಗ ನನ್ನ ಹೆಸರಿದೆ, ಅವರದೂ ಇದೆ. ನನ್ನ ಕಡತಕ್ಕೆ ಒಂದು ಎಚ್ಚರಿಕೆ ಪತ್ರ ಸೇರಿತು, ಅದು ನ್ಯಾಯವೇ. ಶುಕ್ರವಾರದ ಮೀಟಿಂಗಿನಲ್ಲಿ ಎಲ್ಲರೆದುರು ಎದ್ದು ನಿಂತು ಮತ್ತೊಮ್ಮೆ ಹೇಳಿದೆ. ಹ್ಯಾಶ್ ತೆಗೆದಿದ್ದೇನೆ. ಐನೋಡುಗಳು ನೂರಕ್ಕೆ ಎಂಬತ್ತು ದಾಟಿದರೆ ನನಗೂ ಮೇಡಂಗೂ ಸಂದೇಶ ಬರುವ ಹಾಗೆ ಮಾಡಿದ್ದೇನೆ. ಉಳಿದ ಸರ್ವರುಗಳಲ್ಲೂ ನನ್ನ "ಶುಕ್ರವಾರ ತೆಗೆಯಬೇಕು"ಗಳನ್ನು ಹುಡುಕಿದೆ. ಇನ್ನೂ ನಾಲ್ಕು ಸಿಕ್ಕವು. ಈಗ ಒಂದೂ ಇಲ್ಲ. ನಿಮಗೆ ಕೋಪ ಬಂದಿದ್ದರೆ ಫೋನಿನಲ್ಲಿ ಪೂರ್ತಿಯಾಗಿ ಬೈಯಿರಿ, ನಾನು ನಡುವೆ ಬಾಯಿ ಹಾಕುವುದಿಲ್ಲ.

ಬಗ್ಗಬೇಡಿ, ಭಾರ ಎತ್ತಬೇಡಿ. ಪುಟ್ಟಿಯ ಮಾತು ಕೇಳಿ, ಅವಳು ನಿಮ್ಮ ಹಾಗೇ ಗದರಿಸಿದರೂ ಕೇಳಿ. ಪುಟ್ಟಿಗೂ ಅವಳ ಗಂಡನಿಗೂ ನಮ್ಮಿಬ್ಬರ ನೆನಪುಗಳು.

ನಿಮ್ಮ ಕಾಲಿಗೆ ಬಿದ್ದು ಕ್ಷಮೆ ಕೇಳುವ
ನಿಮ್ಮ ಸೊಸೆ

ತಾ.ಕ. ಲಕೋಟೆಗೆ ಹಾಕುವಷ್ಟರಲ್ಲಿ ನಿಮ್ಮ ಮಗ ಫೋನ್ ಮಾಡಿದರು. ಎಡಗಣ್ಣಿಗೆ ಇನ್ನು ಅಕ್ಷರ ಕಾಣಿಸುವುದಿಲ್ಲ ಎಂದು ಡಾಕ್ಟರು ಮೊನ್ನೆಯೇ ಹೇಳಿದರಂತೆ, ಬಲಗಣ್ಣೂ ಅಷ್ಟಕ್ಕಷ್ಟೇ ಅಂತೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರ ಮನೆಯಲ್ಲಿ ಭಾರವಾಗುವುದು ಬೇಡ, ಪುಟ್ಟಿಯ ಮನೆಯಲ್ಲೇ ಇದ್ದುಬಿಡುತ್ತೇನೆ ಎಂದು ನೀವು ಅವರಿಗೆ ಹೇಳಿದಿರಂತೆ. ನನಗೆ ಹೇಳಲೇ ಇಲ್ಲ. ಅತ್ತೆ, ಅದಾಗುವುದಿಲ್ಲ. ಪುಟ್ಟಿ ಬೇಜಾರು ಮಾಡಿಕೊಳ್ಳಬೇಡ, ಆದರೂ ಆಗುವುದಿಲ್ಲ. ಸಾಹೇಬರನ್ನು ಕೇಳಿ ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ತೆಗೆದುಕೊಂಡೆ, ಈಗಷ್ಟೇ. ನಿಮ್ಮ ಕೋಣೆಯ ಮಂಚವನ್ನು ಇವತ್ತು ಸಂಜೆಯೇ ಕಿಟಕಿಯ ಕಡೆಗೆ ಸರಿಸುತ್ತೇವೆ. ಏಪ್ರಿಲ್ ಮೊದಲ ಭಾನುವಾರ, ಡಾಕ್ಟರು ಪ್ರಯಾಣಕ್ಕೆ ಹೂಂ ಅಂದರೆ, ಬೆಳಗಿನ ಬಸ್ಸಿಗೆ ನಾವಿಬ್ಬರೂ ನಿಮ್ಮನ್ನು ಕರೆದೊಯ್ಯಲು ಬರುತ್ತೇವೆ. ನಿಮ್ಮ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬಿಸಿಡಿ.